ಮರೆತುಹೋದ ಬುವಾ ಮತ್ತು ನಮ್ಮ ಸಂಗೀತ ಸಂಘ

ಸತ್ತುಹೋದ ಒಬ್ಬ ಮನುಷ್ಯನ ಹಾಡುಗಳನ್ನು ಜನರ ಬಾಯಿಗೆ ಮತ್ತೆ ತರಬೇಕೆಂದು ಹೊರಟವರಿಗೆ ಏನೇನೆಲ್ಲ ಆಗುತ್ತದೆ ಎಂಬುದನ್ನು ಯಾವ ಸಂಗೀತದ ಪುಸ್ತಕದಲ್ಲೂ ಬರೆದಿರುವುದಿಲ್ಲ. ನಮಗಂತೂ ಒಂದರ ನಗು ಆರುವುದರೊಳಗೆ ಇನ್ನೊಂದು ಆಗಿಯೇ ತೀರುತ್ತದೆ.

ನನ್ನದು ಗೋಕಾಕದಲ್ಲಿ ಚಾಳೀಸಿನ ಅಂಗಡಿ, ಅಂದರೆ ಕನ್ನಡಕದ್ದು. ಗಿರಾಕಿಗಳಿಗೆಂದು ಹಾಕಿದ ಕುರ್ಚಿಗಳಲ್ಲಿ ಸಂಜೆಯಾದರೆ ಸಂಗೀತದ ಹುಚ್ಚಿನವರು ಬಂದು ಕೂಡುತ್ತಿದ್ದರು. ಹಾಗೆ ಕೂತವರೇ ಒಂದು ದಿನ ಸಂಘ ಕಟ್ಟಿದರು. ನನಗೆ ಹಾಡಲಿಕ್ಕೂ ಬಾರದು, ಬಾರಿಸಲಿಕ್ಕೂ ಬಾರದು. ಕುರ್ಚಿ ನನ್ನವಾದ್ದರಿಂದ ಕಾರ್ಯದರ್ಶಿಯಾದೆ. ಅಧ್ಯಕ್ಷರು ಕಾಲುವೆ ಕೆಲಸ ಮಾಡಿಸಿ ನಿವೃತ್ತರಾದ ಎಂಜಿನಿಯರು. ಹಾಡುವವರು ಹೆಣ್ಣುಮಕ್ಕಳ ಸಾಲಿಯ ಸಂಗೀತದ ಶಿಕ್ಷಕಿ, ನಮ್ಮೆಲ್ಲರ ಬಾಯಾರು. ತಬಲಾ ಬಾರಿಸುವವರು ಕರದಂಟಿನ ಅಂಗಡಿಯ ಮಾಲಕರು. ಅವರನ್ನು ಊರೆಲ್ಲ ಮಾಮಾ ಅನ್ನುತ್ತದೆ.

ಎರಡು ತಲೆಮಾರಿನ ಹಿಂದೆ ನಮ್ಮ ಸೀಮೆಯಲ್ಲಿ ಒಬ್ಬ ಬುವಾ ಇದ್ದರು, ಊರೂರು ತಿರುಗಿ ಹಾಡು ಕಲಿಸುವ ಗವಾಯಿ. ಖ್ಯಾಲು ಅಂದರೆ ಹಿಂದಿಯಲ್ಲೇ ಹಾಡಬೇಕು ಎನ್ನುತ್ತಿದ್ದ ಕಾಲದಲ್ಲಿ ಅವರು ಅದೇ ರಾಗ, ಅದೇ ತಾಳಕ್ಕೆ ಕನ್ನಡದ ಚೀಜುಗಳನ್ನು ಕಟ್ಟಿದರು. ಚೀಜು ಅಂದರೆ ಎರಡು-ನಾಲ್ಕು ಸಾಲಿನ ಹಾಡು. ಅದನ್ನೇ ಹಿಗ್ಗಿಸಿ ತಾಸುಗಟ್ಟಲೆ ಹಾಡುತ್ತಾರೆ. ಕನ್ನಡ ಅಂತ ದೊಡ್ಡ ಗವಾಯಿಗಳು ಅವನ್ನು ಹಾಡಲಿಲ್ಲ, ಶಾಸ್ತ್ರೀಯ ಅಂತ ಜನ ಹಾಡಲಿಲ್ಲ. ಬುವಾ ಬರೆದಿಡುವ ಗೋಜಿಗೂ ಹೋಗಲಿಲ್ಲ. ಅವು ಕೆಲವು ಹಿರಿಯರ ಬಾಯಲ್ಲಷ್ಟೇ ಉಳಿದಿದ್ದವು. ಹಿರಿಯರು ಒಬ್ಬೊಬ್ಬರಾಗಿ ಹೋಗುತ್ತಿದ್ದರು. ನಮಗೆ ಅವಸರವಿತ್ತು.

ಕಾಣೆಯಾದವರು

ಮೊದಲ ಕಾರ್ಯಕ್ರಮ ಗೋಕಾಕದಲ್ಲೇ. ಪ್ರಚಾರದ ಮಾತು ಬರೆಯುವ ಕೆಲಸವನ್ನು ಮಾಮಾ ತಾವೇ ವಹಿಸಿಕೊಂಡರು. ಅವರಿಗೆ ಸ್ವಲ್ಪ ಸಾಹಿತ್ಯದ ಚಟ. ಆಟೋಕ್ಕೆ ಕಟ್ಟಿದ ಮೈಕಿನಲ್ಲಿ ಎರಡು ದಿನ ಊರು ತುಂಬ ಅವರ ಸಾಲುಗಳು ಓಡಾಡಿದವು: "ಬಿಳಿ ಧೋತರ, ಕರಿ ಕೋಟು, ಹಣೆಯಲ್ಲಿ ಗಂಧ. ಎಲ್ಲಿ ಹೋದರು ನಮ್ಮ ಬುವಾ? ಬನ್ನಿ, ಎಲ್ಲರೂ ಕೂಡಿ ಹುಡುಕೋಣ." ಕೊನೆಗೆ ನನ್ನ ಅಂಗಡಿಯ ವಿಳಾಸ.

ಮಧ್ಯಾಹ್ನದಿಂದಲೇ ಜನ ಅಂಗಡಿಗೆ ಬರತೊಡಗಿದರು. "ತಲಿ ನೆಟ್ಟಗೈತಿಲ್ರಿ ಅವರ್ದು?" ಎಂದು ಒಬ್ಬರು ಕೇಳಿದರು. ಇನ್ನೊಬ್ಬರು, "ಮನ್ಯಾಗ ಏನರ ಜಗಳಾ ಆಗಿತ್ತೇನ್ರಿ?" ಅಂದರು. ತೀರಿಕೊಂಡು ಬಹಳ ವರ್ಷವಾಯಿತು ಎಂದು ನಾನು ಹೇಳಿದರೆ, "ಮತ್ತ ಹುಡುಕ್ತೀರಿ ಯಾಕ?" ಎಂದು ನನ್ನನ್ನೇ ವಿಚಿತ್ರವಾಗಿ ನೋಡಿದರು.

ಸಂಜೆ ಕಾರ್ಯಕ್ರಮ ಶುರುವಾಗುವ ಹೊತ್ತಿಗೆ ಸಭಾಭವನದ ಮುಂದೆ ಒಂದು ಟಂಟಂ ರಿಕ್ಷಾ ಬಂದು ನಿಂತಿತು. ಇಬ್ಬರು ಗಂಡಸರು ಬಿಳಿ ಧೋತರ, ಕರಿ ಕೋಟಿನ ಒಬ್ಬ ಹಿರಿಯರನ್ನು ಕೈಹಿಡಿದು ಇಳಿಸಿದರು. "ಗೋಕಾಕ ಫಾಲ್ಸಿನ ಬಸ್ ಸ್ಟ್ಯಾಂಡಿನ್ಯಾಗ ಸಿಕ್ರು. ಜ್ವಾಪಾನ ಮಾಡ್ರಿ ಇನ್ನ ಮ್ಯಾಲೆ" ಎಂದು ನಮಗೊಪ್ಪಿಸಿ ಹೋದರು. ಆ ಹಿರಿಯರು ಮೊದಲ ಸಾಲಿನಲ್ಲಿ ಕೂತು ಎಲ್ಲ ಹಾಡು ಕೇಳಿದರು, ಉಪ್ಪಿಟ್ಟು ತಿಂದರು, ಎರಡು ಸಲ ಚಹಾ ಕುಡಿದರು. ಎಲ್ಲ ಮುಗಿದ ಮೇಲೆ ನಾನು ಮೆಲ್ಲಗೆ ಕೇಳಿದೆ:

"ನೀವು ಬುವಾ ಅಲ್ಲ ಅಂತ ಅವರಿಗೆ ಹೇಳಬೇಕಿಲ್ರಿ ಕಾಕಾ?"

"ಹೇಳಬೇಕಂದೆ. ಆದ್ರ 'ನಿಮ್ಮನ್ನ ಊರ ಮಂದಿ ಹುಡುಕಾಕತ್ತಾರ' ಅಂದ್ರು. ಇಷ್ಟು ವರ್ಷದಾಗ ನನ್ನ ಯಾರೂ ಹುಡುಕಿದ್ದಿಲ್ಲ. ಹ್ಯಾಂಗಿರ್ತೈತಿ ನೋಡೂನು ಅಂತ ಬಂದೆ."

ಹೋಲಿಕೆ

ಹುಕ್ಕೇರಿಯ ಕಾರ್ಯಕ್ರಮಕ್ಕೆ ಬುವಾರ ಭಾವಚಿತ್ರ ಬೇಕೆಂದು ಅಲ್ಲಿನವರು ಹಟ ಹಿಡಿದರು. ಹಾರ ಹಾಕಲು ಏನಾದರೂ ಬೇಕಲ್ಲ. ಬುವಾರ ಫೋಟೋ ಎಲ್ಲೂ ಇಲ್ಲ. ಆದರೆ ಅಧ್ಯಕ್ಷರು ಸಣ್ಣವರಿದ್ದಾಗ ಒಮ್ಮೆ ಅವರನ್ನು ಕಂಡಿದ್ದರು. ಬೋರ್ಡು ಬರೆಯುವ ಪೇಂಟರನ ಎದುರು ಕೂತು ವರ್ಣಿಸಿದರು: "ಹಣಿ ಅಗಲ. ಮೀಸಿ ದಪ್ಪ. ಕಿವಿ ಸ್ವಲ್ಪ ಮುಂದ. ಮುಖದಾಗ ಒಂದು ತೇಜ."

ಪೇಂಟರ ಕಿವಿಯಿಂದ ಕೇಳಿದ, ಕಣ್ಣಿನಿಂದ ಬರೆದ. ಚಿತ್ರ ಬಂದಾಗ ನಾವೆಲ್ಲ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ತಲೆಗೊಂದು ರುಮಾಲು ಸುತ್ತಿದ್ದನ್ನು ಬಿಟ್ಟರೆ ಅದು ಅಧ್ಯಕ್ಷರೇ.

ಕಾರ್ಯಕ್ರಮದ ದಿನ ಚಿತ್ರವನ್ನು ಬಾಗಿಲಲ್ಲಿಟ್ಟು, ದೊಡ್ಡ ಹಾರ ಹಾಕಿ, ಊದಿನಕಡ್ಡಿ ಹಚ್ಚಿದೆವು. ಅಧ್ಯಕ್ಷರ ಹಳೆಯ ಸಹೋದ್ಯೋಗಿಯೊಬ್ಬರು ಬಂದವರು ಅದನ್ನು ನೋಡಿದ್ದೇ ಚಪ್ಪಲಿ ಬಿಟ್ಟು ಕೈಮುಗಿದರು. ನನ್ನ ಕೈ ಹಿಡಿದು, "ಹೋದ ವಾರ ಫೋನಿನ್ಯಾಗ ಮಾತಾಡಿದ್ದೆ. ನಮಗೊಂದ ಮಾತು ತಿಳಿಸಲಿಲ್ಲ ನೀವು" ಎಂದು ಕಣ್ಣೊರಸಿಕೊಂಡರು. ಅಷ್ಟರಲ್ಲಿ ಒಳಗಿನಿಂದ ಅಧ್ಯಕ್ಷರೇ ಬಂದು, "ಯಾಕ ತಡಾ ಮಾಡಿದ್ರಿ?" ಅಂದಾಗ ಅವರು ಗೋಡೆ ಹಿಡಿದು ನಿಂತರು.

ಚಿತ್ರ ಬದಲಿಸೋಣ ಎಂದು ಆಮೇಲೆ ನಾವು ಅಧ್ಯಕ್ಷರಿಗೆ ಹೇಳಿ ನೋಡಿದೆವು. ಅವರು ಅದನ್ನು ದೂರದಿಂದೊಮ್ಮೆ, ಹತ್ತಿರದಿಂದೊಮ್ಮೆ ನೋಡಿ ಅಂದರು: "ಇರಲಿ ಬಿಡ್ರಿ. ಬುವಾರೂ ನಾನೂ ಒಂದ ಹೊಳಿ ನೀರು ಕುಡದವ್ರು. ಇಷ್ಟು ಹೋಲದಿದ್ರ ಹ್ಯಾಂಗ?"

ತಂಬೂರಿಯ ಒಡತಿ

ಬುವಾರ ತಂಬೂರಿ ಮಸಗುಪ್ಪಿಯ ಒಂದು ಮನೆಯಲ್ಲಿದೆ ಎಂದು ಫೋನು ಬಂತು. ಬಾಯಾರು ರಜೆ ಹಾಕಿದರು, ಸಣ್ಣ ಹಾರ್ಮೋನಿಯಂ ಹೊತ್ತುಕೊಂಡು ಎಲ್ಲರೂ ಹೋದೆವು. ಮನೆಯವರು ಕುರಿಯನ್ನೂ ಹೊಲವನ್ನೂ ನೋಡಿಕೊಂಡಿರುವ ರೈತರು. ಮಜ್ಜಿಗೆ ಕೊಟ್ಟು ಕೂಡಿಸಿ, "ಐತ್ರಿ ಖರೆ. ಆದ್ರ ಈಗ ಮುಟ್ಟಾಕ ಬರೂದಿಲ್ಲ" ಅಂದರು. ಯಾಕೆಂದು ಒಳಗೆ ಹೋಗಿ ನೋಡಿದೆವು. ತಂಬೂರಿಯ ಬುರುಡೆಯ ಮುಂಭಾಗ ಯಾವಾಗಲೋ ಒಡೆದುಹೋಗಿತ್ತು. ಒಳಗೆ ಹುಲ್ಲು ಹಾಸಿ ಒಂದು ಕೋಳಿ ಕಾವು ಕೂತಿತ್ತು.

ಒಂದು ತಂತಿ ಮಾತ್ರ ಪಕ್ಕದಲ್ಲಿ ಹೇಗೋ ಉಳಿದಿತ್ತು. ಬಾಯಾರಿಗೆ ತಡೆಯಲಾಗಲಿಲ್ಲ, ಬಗ್ಗಿ ಬೆರಳ ತುದಿಯಿಂದ ಅದನ್ನು ಮೀಟಿದರು. ಅಷ್ಟು ವರ್ಷದ ಮೇಲೂ ಅದು ಝೇಂಕರಿಸಿತು. ಬುವಾರ ಬೆರಳು ಆಡಿದ ತಂತಿ. ಬಾಯಾರ ಕಣ್ಣು ತುಂಬಿತ್ತು.

ಮಾಮಾ ಮೆಲ್ಲಗೆ ಹಾರ್ಮೋನಿಯಂ ಮನೆಗಳನ್ನು ಒತ್ತುತ್ತ ಆ ಸ್ವರ ಹುಡುಕಿದರು. ಹಾರ್ಮೋನಿಯಂನ ಕಪ್ಪು ಮನೆಗಳಿಗೆ ನಮ್ಮ ಕಡೆಯ ಗವಾಯಿಗಳು ಕಾಳಿ ಅನ್ನುತ್ತಾರೆ. ಎರಡನೆಯದಕ್ಕೆ ಸ್ವರ ಕೂಡಿತು. "ಕಾಳಿ ಎರಡು" ಎಂದು ಮಾಮಾ ಗಂಭೀರವಾಗಿ ಹೇಳಿದರು.

ಮನೆಯವರು ಬಗ್ಗಿ ನೋಡಿ, "ಇಲ್ರಿ, ಕೋಳಿ ಒಂದ ಐತಿ" ಅಂದರು.

ಕದ ತೆಗಿ

ಮೂಡಲಗಿಯ ಕಾರ್ಯಕ್ರಮ ಒಂದು ಕಲ್ಯಾಣ ಮಂಟಪದಲ್ಲಿ. ಕಬ್ಬಿನ ಹಂಗಾಮು, ರಸ್ತೆಯಲ್ಲಿ ಸಾಲುಗಟ್ಟಿ ಟ್ರ್ಯಾಕ್ಟರುಗಳು, ಪ್ರತಿಯೊಂದರಲ್ಲೂ ಒಂದೊಂದು ಹಾಡು ಎದೆ ನಡುಗುವಂತೆ ಹಚ್ಚಿದ್ದರು. ಸಪ್ಪಳ ಬಾರದಿರಲೆಂದು ಎಲ್ಲ ಕದ ಹಾಕಿಸಿದೆವು. ಮಂಟಪದ ವಾಚ್‌ಮನ್ ಹಿರಿಯ ಮನುಷ್ಯ, ಹೇಳಿದ ಕೆಲಸ ತಪ್ಪುವವನಲ್ಲ. ಅಧ್ಯಕ್ಷರು ಅವನಿಗೆ, "ನೀ ಇಲ್ಲೇ ಮುಂದ ಕುಂದ್ರು. ಬಾಯಾರು ಏನ್ ಹೇಳ್ತಾರ ಹಂಗ ಮಾಡು" ಎಂದು ಹೇಳಿ ಕೂಡಿಸಿದರು. ನೀರು, ಫ್ಯಾನು, ಮೈಕು ಇಂಥವುಗಳ ಸಲುವಾಗಿ.

ಬಾಯಾರು ಬುವಾರ ಒಂದು ಅಪರೂಪದ ಚೀಜು ಎತ್ತಿಕೊಂಡರು: "ಕದ ತೆಗಿಯೇ ಗೆಳತಿ, ಎಷ್ಟೊತ್ತು ನಿಲ್ಲಲಿ." ವಿಲಂಬಿತ ಲಯ. ಕಣ್ಣು ಮುಚ್ಚಿ ಅವರು "ಕದ ತೆಗಿಯೇ" ಎಂದು ಮೂರ್ನಾಲ್ಕು ಬಗೆಯಲ್ಲಿ ಬಿನ್ನಹ ಮಾಡಿಕೊಂಡರು. ವಾಚ್‌ಮನ್ ಎದ್ದು ಹೋಗಿ ಮುಂಬಾಗಿಲು ತೆಗೆದ. ಟ್ರ್ಯಾಕ್ಟರಿನ ಹಾಡು ಒಳಗೆ ನುಗ್ಗಿತು. ಬಾಯಾರು ಇನ್ನಷ್ಟು ಆರ್ತವಾಗಿ, ಮೇಲಿನ ಸ್ವರದಲ್ಲಿ "ತೆಗಿಯೇ" ಅಂದರು. ಅವನು ಬಾಜೂ ಬಾಗಿಲು ತೆಗೆದ. ನಾನು ಕೈಸನ್ನೆ ಮಾಡಿದೆ. ಲಗೂ ಮಾಡು ಅನ್ನುತ್ತಿದ್ದೇನೆ ಎಂದು ತಿಳಿದು, ಓಡಿಹೋಗಿ ಅಡುಗೆಮನೆಯ ಹಿಂದಿನ ಕದವನ್ನೂ ತೆಗೆದ.

ಹಿಂದಿನ ದಾರಿಯಲ್ಲಿ ಆಗ ಒಂದು ಕುರಿಹಿಂಡು ಹೊರಟಿತ್ತು. ಮುಂದಿನ ಕುರಿ ತೆರೆದ ಬಾಗಿಲು ಕಂಡು ಒಳಗೆ ಬಂತು. ಮುಂದಿನದು ಬಂದ ಮೇಲೆ ಹಿಂದಿನವು ಬರುವುದು ಕುರಿಯ ಧರ್ಮ. ಬಾಯಾರು ಕಣ್ಣು ಬಿಟ್ಟಾಗ ಕೇಳುಗರ ಸಂಖ್ಯೆ ಎರಡು ಪಟ್ಟಾಗಿತ್ತು. ಕಂಬಳಿ ಹೊದ್ದ ಕುರುಬರ ಅಜ್ಜ ಹಿಂದೆಯೇ ಬಂದು, ವೇದಿಕೆಗೆ ಕೈಮುಗಿದು, ಹಿಂಡನ್ನು ತಿರುಗಿಸುವಷ್ಟರಲ್ಲಿ ಒಂದು ಕುರಿ ಮುಖ್ಯ ಅತಿಥಿಗಳ ಹಾರವನ್ನು ಅರ್ಧ ತಿಂದಿತ್ತು.

ಅಧ್ಯಕ್ಷರು ವಾಚ್‌ಮನ್‌ನನ್ನು ಕರೆದು ರೇಗಿದರು. ಅವನು ಸಮಾಧಾನದಿಂದಲೇ ಉತ್ತರ ಕೊಟ್ಟ: "ಬಾಯಾರು ಅರ್ಧಾ ತಾಸು ತೆಗಿ, ತೆಗಿ ಅಂತ ಬಡಕೊಂಡ್ರು, ತೆಗದೆ. ಹಾಕು ಅಂತ ಒಮ್ಮೆರ ಅಂದಾರೇನ್ರಿ?"

ಉಪ್ಪಿನ ಆರೋಪ

ಚೀಜಿಗೆ ಎರಡು ಭಾಗ. ಮೊದಲನೆಯದು ಸ್ಥಾಯಿ, ಆಮೇಲೆ ಮೇಲಿನ ಸ್ವರಕ್ಕೆ ಏರುವುದು ಅಂತರಾ. ಬುವಾರ ಎಲ್ಲ ಚೀಜುಗಳಲ್ಲಿ ಬಾಯಾರಿಗೆ ಬಹಳ ಹಿಡಿಸಿದ್ದು ಒಂದಿತ್ತು: "ಯಾಕೆ ಮುನಿದೆ ತಾಯೆ, ಮಾತಾಡೆ. ಬಾಗಿಲಲ್ಲೇ ನಿಂತಿಹೆ, ನೋಡೆ." ಕೇಳಿದವರ ಕರುಳು ಚುರ್ ಅನ್ನಬೇಕು, ಹಾಗಿತ್ತು ಧಾಟಿ. ಆದರೆ ಅದರ ಅಂತರಾ ಯಾರಿಗೂ ಗೊತ್ತಿರಲಿಲ್ಲ. "ಅರ್ಧಾ ಹಾಡಿದ್ರ ಬುವಾರಿಗೆ ಅಪಮಾನ ಮಾಡಿದಂಗ" ಎಂದು ಬಾಯಾರು ಅದನ್ನು ವೇದಿಕೆಯ ಮೇಲೆ ಹಾಡುತ್ತಲೇ ಇರಲಿಲ್ಲ. ಅಧ್ಯಕ್ಷರು ಮಾತ್ರ, ಇದು ದೇವಿಯನ್ನು ಕುರಿತದ್ದು, ಅಂತರಾದಲ್ಲಿ ಮೋಕ್ಷದ ಮಾತೇ ಇರಬೇಕು ಎಂದು ಎರಡು ಭಾಷಣ ಮಾಡಿ ಮುಗಿಸಿದ್ದರು.

ಬೆಲ್ಲದ ಬಾಗೇವಾಡಿಯಲ್ಲಿ ಅದನ್ನು ಬಲ್ಲವರೊಬ್ಬರಿದ್ದಾರೆ ಎಂದು ತಿಳಿಯಿತು. ನಿವೃತ್ತ ಗಣಿತದ ಶಿಕ್ಷಕಿ. ಅವರಿಗೆ ಎಪ್ಪತ್ತು ದಾಟಿದೆ, ಬೆನ್ನು ನೆಟ್ಟಗೆ, ಮಾತು ಅದಕ್ಕಿಂತ ನೆಟ್ಟಗೆ. ಆ ಊರಿಗೆ ಬಂದಾಗಲೆಲ್ಲ ಬುವಾ ಇಳಿದುಕೊಳ್ಳುತ್ತಿದ್ದದ್ದು, ಉಣ್ಣುತ್ತಿದ್ದದ್ದು ಅವರ ಮನೆಯಲ್ಲೇ.

"ಅಂತರಾ ನನಗ ಗೊತ್ತೈತಿ. ಹೇಳೂದಿಲ್ಲ" ಅಂದರು ಅವರು.

"ಯಾಕ್ರಿ ಅಕ್ಕಾರ?"

"ನಮ್ಮ ಮನಿ ಮರ್ಯಾದಿ ಪ್ರಶ್ನಿ ಅದು."

ಬರುವಾಗ ದಾರಿಯುದ್ದಕ್ಕೂ, ಬುವಾ ಎಂಥ ಮನುಷ್ಯರಿದ್ದರೋ ಎಂಬ ಅನುಮಾನ ಎಲ್ಲರ ತಲೆಯಲ್ಲೂ. ಕೊನೆಗೆ ಮಾಮಾ, "ಒಂದ ವ್ಯಾಳೆ ಏನರ ಹಂಗ ಇದ್ರ, ಸಂಘಾ ಮುಚ್ಚಬೇಕಾಗ್ತೈತಿ" ಅಂದರು.

ಮತ್ತೆ ಹೋದೆವು. ಮತ್ತೆ ಇಲ್ಲ ಅಂದರು. ಮೂರನೆಯ ಸಲ ಅವರು ಒಳಗೆ ಚಹಾ ಕಾಸುತ್ತಿದ್ದಾಗ, ಬಾಯಾರು ಕಟ್ಟೆಯ ಮೇಲೆ ಕೂತು ಬೇಸರ ಕಳೆಯಲೆಂದು ಸ್ಥಾಯಿಯನ್ನು ಗುನುಗತೊಡಗಿದರು. ಒಮ್ಮೆ, ಎರಡು ಸಲ, ಮತ್ತೊಮ್ಮೆ ಅದನ್ನೇ. ಮುಂದೆ ಹೋಗಲು ದಾರಿಯಿಲ್ಲದೆ ತಿರುಗಿ ತಿರುಗಿ ಬಾಗಿಲಲ್ಲೇ ನಿಲ್ಲುತ್ತಿದ್ದರು. ಅರ್ಧ ಬಿಡಿಸಿಟ್ಟ ಲೆಕ್ಕವನ್ನು ಗಣಿತದವರು ಎಷ್ಟು ಹೊತ್ತು ನೋಡಿಯಾರು? ಒಳಗಿನಿಂದ ಒಂದು ತೆಳ್ಳಗಿನ ದನಿ ಮೇಲಿನ ಷಡ್ಜಕ್ಕೆ ಏರಿತು:

"ಬದನಿಕಾಯಿಗೆ ಉಪ್ಪು ಹೆಚ್ಚೆಂದೆ. ಅಷ್ಟಕ್ಕೇ ಇಷ್ಟು ಮೌನವೇ, ತಾಯೆ."

ಅಧ್ಯಕ್ಷರು ಕೈಯಲ್ಲಿದ್ದ ಬಿಸ್ಕೀಟು ಕೆಳಗಿಟ್ಟರು.

ಚಹಾ ತಂದು ಕೊಟ್ಟು ಅಕ್ಕಾರು ನಡೆದದ್ದನ್ನು ಹೇಳಿದರು. ಒಂದು ದಿನ ಊಟಕ್ಕೆ ಕೂತಾಗ ಬುವಾ ಬದನೆಕಾಯಿ ಎಣ್ಣೆಗಾಯಿಗೆ ಉಪ್ಪು ಜಾಸ್ತಿಯಾಯಿತು ಅಂದುಬಿಟ್ಟರಂತೆ. ಅಕ್ಕಾರ ತಾಯಿ ಮಾತು ಬಿಟ್ಟರು. ತಾಟು ಇಡುವುದು, ಬಡಿಸುವುದು ನಡೆದೇ ಇತ್ತು. ಮಾತು ಮಾತ್ರ ಇಲ್ಲ. ಬುವಾರಿಗೆ ಅನ್ನ ಇಳಿಯಲಿಲ್ಲ. ಬಾಗಿಲಲ್ಲಿ ನಿಂತು ಈ ಚೀಜು ಕಟ್ಟಿ ಹಾಡಿದಾಗ ತಾಯಿ ನಕ್ಕು ಒಳಗೆ ಕರೆದರಂತೆ.

"ಇದರಾಗ ಮರ್ಯಾದಿ ಹೋಗೂದೇನೈತ್ರಿ?" ಎಂದೆ ನಾನು.

"ಉಪ್ಪು ಹೆಚ್ಚಾಗಿದ್ದಿಲ್ಲ" ಅಂದರು ಅಕ್ಕಾರು. "ನಮ್ಮವ್ವಾ ಸಾಯೂತನಕಾ ಅದನ್ನ ಹೇಳಿದ್ಳು. ನೀವು ಇದನ್ನ ಮಂದಿ ಮುಂದ ಹಾಡಾವ್ರಿದ್ರ, ಮೊದ್ಲ ಆ ಮಾತು ಹೇಳಿ ಹಾಡಬೇಕು."

ಒಪ್ಪಿದೆವು. ಹುಕ್ಕೇರಿಯ ಎರಡನೆಯ ಕಾರ್ಯಕ್ರಮದಲ್ಲಿ ಸಭೆ ತುಂಬಿತ್ತು. ಅಧ್ಯಕ್ಷರು ದೇವಿಯನ್ನೂ ಮೋಕ್ಷವನ್ನೂ ಬದಿಗಿಟ್ಟು ಎದ್ದು ನಿಂತು, "ಈ ಚೀಜಿನಲ್ಲಿ ಬರುವ ಉಪ್ಪಿನ ಆರೋಪ ಸಂಪೂರ್ಣ ನಿರಾಧಾರ ಎಂದು ಸಂಘ ಈ ಮೂಲಕ ಸ್ಪಷ್ಟಪಡಿಸುತ್ತದೆ" ಎಂದು ಘೋಷಿಸಿದರು. ಬಾಯಾರು ಒಂದು ತಾಸು ಹಾಡಿದರು. ಅಂತರಾ ಬಂದಾಗ ಜನ ನಕ್ಕರು, ಅದನ್ನೇ ಮತ್ತೆ ಹಾಡಿದಾಗ ತಲೆದೂಗಿದರು, ಮೂರನೆಯ ಸಲಕ್ಕೆ ಕೆಲವರು ಸೆರಗಿನಿಂದ ಕಣ್ಣೊತ್ತಿಕೊಂಡರು. ಮೊದಲ ಸಾಲಿನಲ್ಲಿ ಅಕ್ಕಾರು ತಾಳ ಹಾಕುತ್ತಿದ್ದರು.

ಹಾಡು ಮುಗಿದ ಮೇಲೆ ಅವರು ಕುರ್ಚಿಯ ಕೆಳಗಿನಿಂದ ಒಂದು ದೊಡ್ಡ ಸ್ಟೀಲ್ ಡಬ್ಬಿ ಎತ್ತಿಕೊಂಡು ವೇದಿಕೆಯ ಹಿಂದೆ ಬಂದರು. "ಬರೇ ಬಾಯಿಲೆ ಹೇಳಿದ್ರ ಆಗೂದಿಲ್ಲ, ರುಜುವಾತು ಬೇಕು. ನಾ ಗಣಿತದಾಕಿ. ನಮ್ಮವ್ವಾ ಮಾಡಿದಂಗ, ಆಕಿ ಹಾಕಿದಷ್ಟ ಹಾಕಿ ಮಾಡಿದ ಎಣ್ಣಿಗಾಯಿ ಇದು. ತಿಂದು ಹೇಳ್ರಿ" ಎಂದು ಎಲ್ಲರಿಗೂ ರೊಟ್ಟಿಯ ಜೊತೆ ಬಡಿಸಿದರು.

ಮೊದಲ ತುತ್ತಿಗೆ ಮಾಮಾ ಕಣ್ಣು ದೊಡ್ಡದು ಮಾಡಿದರು. ಬಾಯಾರು ನೀರಿನ ತಂಬಿಗೆಯ ಕಡೆ ಕೈ ಚಾಚಿ, ಅಕ್ಕಾರು ನೋಡುತ್ತಿರುವುದು ಕಂಡು ಕೈ ಹಿಂದೆ ತೆಗೆದುಕೊಂಡರು. ನನ್ನ ನಾಲಿಗೆ ಜೋಮು ಹಿಡಿದಿತ್ತು. ಘಟಪ್ರಭೆಯ ನೀರನ್ನೆಲ್ಲ ಹೊಯ್ದಿದ್ದರೂ ಆ ಉಪ್ಪು ಇಳಿಯುತ್ತಿರಲಿಲ್ಲ. ಬುವಾ ಹೇಳಿದ್ದು ಅಕ್ಷರಶಃ ಖರೆ.

"ಹ್ಯಾಂಗೈತ್ರಿ?" ಎಂದು ಅಕ್ಕಾರು ಕೇಳಿದರು.

ಉಪ್ಪು ಹೆಚ್ಚಾಗಿದೆ ಎಂದವರ ಗತಿ ಏನಾಯಿತು ಎಂಬುದನ್ನು ಒಂದು ತಾಸು ರಾಗವಾಗಿ ಕೇಳಿ ಎದ್ದವರು ನಾವು. ಕೊನೆಗೆ ಅಧ್ಯಕ್ಷರು ಗಂಟಲು ಸರಿ ಮಾಡಿಕೊಂಡು, ಖಾಲಿ ತಾಟು ಮುಂದೆ ಚಾಚಿದರು.

"ಭಾಳ ಚಲೋ ಆಗೇತಿ ಅಕ್ಕಾರ. ಇನ್ನೊಂದ ಹಾಕ್ರಿ."