ಎರಡೂ ಒಂದೇ ಮನೆಗೆ ಬಂದ ಬಹುಮಾನಗಳು

ನಮ್ಮ ಕೆರೆಯ ಪ್ಯಾಡಲ್‌ಬೋರ್ಡ್ ಸ್ಪರ್ಧಾ ಸಮಿತಿಯ ಅಧ್ಯಕ್ಷರಿಗೆ, ಮದುವೆಯಾಗಿ ಎರಡು ತಿಂಗಳೂ ತುಂಬದ, ಆ ಕಾರಣಕ್ಕೆ ಲೋಕದ ಎಲ್ಲರ ಮೇಲೂ ಪ್ರೀತಿ ಉಕ್ಕುತ್ತಿರುವ, ತಮ್ಮ ಮೇಲೂ ಉಕ್ಕಲೆಂದು ಪ್ರಯತ್ನಿಸುತ್ತಿರುವ ಸಮಿತಿಯ ಮಹಿಳಾ ಪ್ರತಿನಿಧಿಯ ಅನಂತಾನಂತ ನಮಸ್ಕಾರಗಳು.

ಮಾನ್ಯರೇ,

ನಾನು ಓದಿದ್ದು ಇಂಗ್ಲಿಷ್ ಶಾಲೆಯಲ್ಲಿ. ದೂರಿನ ಪತ್ರವನ್ನು ಅಲ್ಲಿ ಇಂಗ್ಲಿಷಿನಲ್ಲೇ ಕಲಿಸಿದರು, ಅದೂ ಹತ್ತು ಅಂಕಕ್ಕೆ. ಕನ್ನಡದಲ್ಲಿ ಬೈಯುವುದನ್ನು ಅಮ್ಮನಿಂದ ಕಲಿತಿದ್ದೇನೆ, ಆದರೆ ಅದನ್ನು ಪತ್ರದಲ್ಲಿ ಬರೆಯುವಂತಿಲ್ಲ. ಹಾಗಾಗಿ ಇಲ್ಲಿ ಮರ್ಯಾದೆ ಕೊಂಚ ಹೆಚ್ಚಾಗಿ ಕಂಡರೆ, ಅದು ಅಭ್ಯಾಸದ ಕೊರತೆಯೆಂದು ಮನ್ನಿಸಬೇಕು.

ಕಳೆದ ಭಾನುವಾರದ ಸ್ಪರ್ಧೆಯನ್ನು ತಾವು ನಡೆಸಿಕೊಟ್ಟ ರೀತಿಯನ್ನು ಎಷ್ಟು ಹೊಗಳಿದರೂ ಕಡಿಮೆ. ಹಲಗೆಯ ಮೇಲೆ ನಿಂತು ಹುಟ್ಟು ಹಾಕುವ ಗಂಡಸರಿಗೂ ಹೆಂಗಸರಿಗೂ ಅದೇ ನೀರು, ಅದೇ ಎದುರುಗಾಳಿ, ಅದೇ ಮೂರು ಸುತ್ತು, ಅದೇ ಪ್ರವೇಶ ಶುಲ್ಕ. ಈ ಸಮಾನತೆ ದಡ ಮುಟ್ಟುವವರೆಗೆ ಒಂದಿಷ್ಟೂ ಕದಲಲಿಲ್ಲ. ದಡ ಮುಟ್ಟಿದ ಮೇಲೆ, ಗಂಡಸರಲ್ಲಿ ಮೂರನೆಯವರಾದ ನನ್ನವರಿಗೆ ಇಪ್ಪತ್ತು ಸಾವಿರ ಮತ್ತು ಬಾಗಿಲಷ್ಟು ದೊಡ್ಡ ರಟ್ಟಿನ ಚೆಕ್ಕು ಬಂತು; ಹೆಂಗಸರಲ್ಲಿ ಮೊದಲನೆಯವಳಾದ ನನಗೆ ಹನ್ನೆರಡು ಸಾವಿರ ಮತ್ತು ಒಂದು ಲಕೋಟೆ. ನಾನು ಅವರಿಗಿಂತ ನಲವತ್ತು ಸೆಕೆಂಡು ಬೇಗ ಮುಗಿಸಿದ್ದೆ ಎಂಬುದನ್ನು ಹೇಳುತ್ತಲೇ ಇದ್ದರೆ ಹೊಸ ಸಂಸಾರಕ್ಕೆ ಒಳ್ಳೆಯದಲ್ಲ, ಆದ್ದರಿಂದ ಒಂದೇ ಸಲ ಹೇಳಿದ್ದೇನೆ. ಸ್ಕೂಟರಿನ ಹಿಂದೆ ಕೂತು ಆ ಚೆಕ್ಕನ್ನು ಮನೆತನಕ ಹಿಡಿದುಕೊಂಡು ಬಂದವಳೂ ನಾನೇ. ಗಾಳಿಗೆ ಸಿಕ್ಕಿ ಅದು ನನ್ನನ್ನು ಎರಡು ಸಲ ಹಾರಿಸಲು ನೋಡಿತು.

ಮರುದಿನ ಕಾರಣ ಕೇಳಲು ಬಂದಾಗ ತಾವು ಕುರ್ಚಿ ಎಳೆದು ಕೂರಿಸಿ, "ಎರಡೂ ಒಂದೇ ಮನೆಗೆ ತಾನೆ ಹೋಗೋದು, ಬಿಡಮ್ಮ. ಗಂಡಸರು ಮೂವತ್ತೊಂದು ಜನ, ನೀವು ಒಂಬತ್ತೇ ಒಂಬತ್ತು" ಎಂದಿರಿ. ಈ ಲೆಕ್ಕ ಬಹಳ ಚೆನ್ನಾಗಿದೆ. ಹಾಗಿದ್ದರೆ ಮುಂದಿನ ವರ್ಷ ಒಂಬತ್ತು ಜನರಿಗೆ ಸಾಕಾಗುವಷ್ಟೇ ಗಾಳಿ ಬೀಸುವಂತೆ ತಾವು ಏರ್ಪಾಟು ಮಾಡಬೇಕು. ಎರಡನೇ ಸುತ್ತಿನ ನಡುವಿನಲ್ಲೇ ದಡವನ್ನು ನಮ್ಮ ಬಳಿಗೆ ತಂದು ನಿಲ್ಲಿಸಬೇಕು. ಬಿಸಿಲಿಗೂ ಒಂದು ಸುತ್ತೋಲೆ ಹೊರಡಿಸಬೇಕು, ಏಕೆಂದರೆ ನನ್ನ ಮೂಗಿನ ಚರ್ಮ ಪೂರ್ತಿ ಸುಲಿದಿದೆ, ಬಹುಮಾನದ ಪ್ರಮಾಣದಲ್ಲಿ ಸುಲಿದಿಲ್ಲ.

ಇಷ್ಟನ್ನೂ ಅಲ್ಲೇ ಹೇಳಿಬಿಡಬೇಕೆಂದು ಬಾಯಿ ತೆರೆಯುವಷ್ಟರಲ್ಲಿ ತಾವು ನಡಾವಳಿ ಪುಸ್ತಕ ತೆಗೆದು ತೋರಿಸಿದಿರಿ. ಬಹುಮಾನಗಳ ಪಟ್ಟಿಯ ಕೆಳಗೆ ಏಳು ಸಹಿ. ಏಳನೆಯದರ ಪಕ್ಕದಲ್ಲಿ ಒಂದು ಪುಟ್ಟ ಹೃದಯದ ಚಿತ್ರ. ಸಮಿತಿಯಲ್ಲಿ ಹೃದಯ ಬರೆಯುವವರು ಬೇರೆ ಯಾರೂ ಇಲ್ಲ.

ಆ ಸಭೆ ನಡೆದದ್ದು ನನ್ನ ಮದುವೆಯ ಆರನೇ ದಿನ. ಆ ಹೊತ್ತಿಗೆ ನನ್ನವರು ಬಟ್ಟೆ ಒಗೆಯುವ ಯಂತ್ರದಿಂದ ನೊರೆ ಉಕ್ಕಿ ಅಡುಗೆಮನೆಯವರೆಗೂ ಬಂದ ಚಿತ್ರವನ್ನು ಫೋನಿಗೆ ಕಳಿಸಿ, ಯಾವ ಗುಂಡಿ ಒತ್ತಲಿ ಎಂದು ಕೇಳಿದ್ದರು. ಮೇಜಿನ ಕೆಳಗೆ ಉತ್ತರ ಬರೆಯುತ್ತ, ಎಲ್ಲರೂ ಕೈ ಎತ್ತಿದಾಗ ನಾನೂ ಎತ್ತಿದೆ, ಪುಸ್ತಕ ಮುಂದೆ ಬಂದಾಗ ಓದದೆ ಸಹಿಯನ್ನೂ ಹಾಕಿದೆ. ಅಂದರೆ ನನಗೆ ಅನ್ಯಾಯ ಮಾಡಿದವರ ಪಟ್ಟಿಯಲ್ಲಿ ನಾನೂ ಇದ್ದೇನೆ, ಅದೂ ನಗುನಗುತ್ತ. ಈ ಪತ್ರದ ಒಂದು ಪ್ರತಿಯನ್ನು ನನಗೇ ಅಂಚೆಯಲ್ಲಿ ಕಳಿಸಿಕೊಂಡಿದ್ದೇನೆ.

ನಷ್ಟ ನನ್ನೊಬ್ಬಳದೇ ಆಗಿದ್ದರೆ ನಕ್ಕು ಸುಮ್ಮನಾಗುತ್ತಿದ್ದೆ. ಎರಡನೆಯವಳಾಗಿ ಬಂದ ಹಲ್ಲಿನ ಆಸ್ಪತ್ರೆಯ ನರ್ಸ್, ನನ್ನ ಗೆಳತಿ, ಗಂಟೆಗಿಷ್ಟೆಂದು ಹಲಗೆ ಬಾಡಿಗೆಗೆ ತಂದು ಅಭ್ಯಾಸ ಮಾಡುವವಳು. ಬಹುಮಾನದಲ್ಲಿ ಯಾರೋ ಬಳಸಿದ ಹಳೆಯ ಹಲಗೆಯನ್ನಾದರೂ ಕೊಳ್ಳಬಹುದೆಂದಿದ್ದಳು. ಸಿಕ್ಕಿದ್ದು ನಾಲ್ಕು ಸಾವಿರ, ಗಂಡಸರಲ್ಲಿ ಐದನೆಯವನಿಗೆ ಸಿಕ್ಕಿದ್ದಕ್ಕಿಂತ ಕಡಿಮೆ. "ನೀನೇ ಅಲ್ವೇನೇ ನಮ್ಮ ಪ್ರತಿನಿಧಿ? ಸಭೇಲಿ ಕೂತ್ಕೊಂಡು ಏನ್ ಮಾಡ್ತಿದ್ದೆ?" ಎಂದಳು. ನೊರೆಯ ಕಥೆ ಹೇಳಿದೆ. ಅವಳು ನಗಲಿಲ್ಲ. "ಮುಂದಿನ ವರ್ಷ ನನ್ನನ್ನ ಲೆಕ್ಕಕ್ಕೆ ಹಿಡೀಬೇಡ" ಎಂದು ಬಾಡಿಗೆ ಹಲಗೆ ವಾಪಸು ಕೊಡಲು ಹೋದಳು. ಒಂಬತ್ತು ಎಂಟಾಗುತ್ತದೆ, ತಮ್ಮ ಲೆಕ್ಕದಂತೆ ಬಹುಮಾನ ಮತ್ತೂ ಇಳಿಯುತ್ತದೆ, ಆಗ ಏಳಾಗುತ್ತದೆ. ಕೊನೆಗೆ ನಾನೊಬ್ಬಳೇ ನನ್ನನ್ನೇ ಸೋಲಿಸಿ ಒಂದು ಖಾಲಿ ಲಕೋಟೆ ಪಡೆಯುವ ದಿನ ದೂರವಿಲ್ಲ.

ಆದ್ದರಿಂದ ನನ್ನ ಬೇಡಿಕೆ ಇಷ್ಟೇ. ಶನಿವಾರದ ಸಭೆಯಲ್ಲಿ ಬಹುಮಾನದ ಪಟ್ಟಿಯನ್ನು ಮತ್ತೆ ತೆರೆದು, ಒಂದೇ ಸ್ಥಾನಕ್ಕೆ ಒಂದೇ ಮೊತ್ತ ಎಂದು ಬರೆಯಬೇಕು. ಹಣ ಸಾಲದಿದ್ದರೆ ಎರಡನ್ನೂ ಕೂಡಿಸಿ ಸರಿಯಾಗಿ ಎರಡು ಪಾಲು ಮಾಡಬೇಕು. ಗಂಡಸರ ಪರವಾಗಿ ನನ್ನವರು ಒಪ್ಪಿ ಕೆಳಗೆ ಸಹಿ ಹಾಕಿದ್ದಾರೆ. ಓದದೆಯೇ ಹಾಕಿದರು, ಈ ಕಾಯಿಲೆ ಅಂಟುತ್ತದೆಂದು ಕಾಣುತ್ತದೆ. ನನ್ನ ಹಲಗೆಯನ್ನು ಅಲ್ಲಿಯತನಕ ಅಭ್ಯಾಸಕ್ಕಿರಲೆಂದು ಗೆಳತಿಯ ಮನೆಯ ಮೆಟ್ಟಿಲ ಕೆಳಗೆ ಇಟ್ಟು ಬಂದಿದ್ದೇನೆ. ಅವಳು ಇನ್ನೂ ವಾಪಸು ಕಳಿಸಿಲ್ಲ. ಅದೊಂದೇ ನನ್ನ ಧೈರ್ಯ.

ಇನ್ನು ಮುಂದೆ ಓದಿಯೇ ಸಹಿ ಹಾಕುವ, ಹೃದಯವನ್ನು ಮನೆಯಲ್ಲಿಟ್ಟು ಸಭೆಗೆ ಬರುವ
ತಮ್ಮ ವಿಶ್ವಾಸಿ,
ಮಹಿಳಾ ಪ್ರತಿನಿಧಿ

ಮರೆತಿದ್ದೆ: ತಮ್ಮ ಶ್ರೀಮತಿಯವರು ಮುಂದಿನ ವರ್ಷದ ಸ್ಪರ್ಧೆಗೆ ನಿನ್ನೆಯೇ ಹೆಸರು ಕೊಟ್ಟಿದ್ದಾರೆ, ಶುಲ್ಕ ಪೂರ್ತಿ ಕಟ್ಟಿದ್ದಾರೆ. ನಾಲ್ಕು ವಾರದಿಂದ ಬೆಳಿಗ್ಗೆ ವಾಕಿಂಗೆಂದು ಹೊರಡುವುದು ಕೆರೆಗೆ, ಗೆದ್ದರೂ ಆಶ್ಚರ್ಯವಿಲ್ಲ. ಆ ಬಹುಮಾನ ಹೋಗುವುದು ತಮ್ಮ ಮನೆಗೆ ತಾನೆ. ಅದು ಎಷ್ಟಿರಬೇಕೆಂದು ಶನಿವಾರ ತಾವೇ ಹೇಳಿ.