ಪುಂಡಲೀಕನ ಎರಡಂತಸ್ತಿನ ಮನೆ

ಕಾರು ಬಂದದ್ದೇ ತಪ್ಪಾಯಿತು ನೋಡಿ. ರಾಣೇಬೆನ್ನೂರಿನ ಆ ಗಂಡಹೆಂಡತಿ ಬಸ್ಸಿಗೆ ಬಂದಿದ್ದರೆ, ಹೋಗಲಿ, ಒಂದು ಹಳೇ ಸ್ಕೂಟರ್ ಮೇಲೆ ಬಂದಿದ್ದರೂ ಬ್ಯಾಡಗಿಯ ಆ ಓಣಿಯಲ್ಲಿ ಯಾರೂ ತಲೆ ಎತ್ತುತ್ತಿರಲಿಲ್ಲ. ಆದರೆ ಬಿಳಿ ಕಾರಿನಿಂದ ಚಿನ್ನದ ಕಟ್ಟಿನ ಕನ್ನಡಕದ ಹಿರಿಯರೊಬ್ಬರು ಇಳಿದರು, ಅವರ ಹಿಂದೆ ಜರಿಯಂಚಿನ ಸೀರೆಯ ಹೆಂಗಸೊಬ್ಬರು ಇಳಿದರು. ಇಳಿದವರೇ, "ಪುಂಡಲೀಕ ಅನ್ನೋ ಹುಡುಗನ ಮನಿ ಎಲ್ಲಿ ಅದರಿ? ಹುಡುಗ ಹ್ಯಾಂಗ? ಮನಿತನ ಹ್ಯಾಂಗ? ಏನರ ಚಟಾ ಗಿಟಾ?" ಎಂದು ಕೇಳಿದರು. ಓಣಿ ಏನೆಂದು ತಿಳಿಯಬೇಕು? ನೀವಾದರೂ ಏನೆಂದು ತಿಳಿಯುತ್ತಿದ್ದಿರಿ?

ಹೆಣ್ಣಿನ ಕಡೆಯವರು!

ಪುಂಡಲೀಕ ಆ ಹೊತ್ತಿಗೆ ಹಾವೇರಿಯ ಕಾಲೇಜಿನಲ್ಲಿದ್ದ. ಮನಃಶಾಸ್ತ್ರದಲ್ಲಿ ಎಂ.ಎ. ಮಾಡುತ್ತಿದ್ದ, ಮುಂದೆ ಆಪ್ತಸಮಾಲೋಚಕ ಆಗಬೇಕು, ನೊಂದವರ ಮಾತು ಕೇಳಬೇಕು ಎಂಬುದು ಅವನ ಆಸೆ. ಅವ್ವ ಫಕ್ಕೀರವ್ವ ದಿನವಿಡೀ ಮೆಣಸಿನಕಾಯಿಯ ತುಂಬು, ಅಂದರೆ ತೊಟ್ಟು, ಬಿಡಿಸಿ ಮೊದಲ ವರ್ಷ ಓದಿಸಿದ್ದಳು. ಎರಡನೇ ವರ್ಷಕ್ಕೆ ಅವಳ ಬೆರಳಲ್ಲಿ ಶಕ್ತಿ ಇರಲಿಲ್ಲ. ರಾಣೇಬೆನ್ನೂರಿನ ಟ್ರಸ್ಟೊಂದು ಇಂಥ ಬಡ ವಿದ್ಯಾರ್ಥಿಗಳಿಗೆ ವಿದ್ಯಾರ್ಥಿವೇತನ ಕೊಡುತ್ತಿತ್ತು. ಅದು ಸಿಕ್ಕರೆ ಓದು, ಸಿಗದಿದ್ದರೆ ಓಣಿಯ ಸಾಹುಕಾರ ಹಾಲೇಶಪ್ಪನ ಅಂಗಡಿಯಲ್ಲಿ ಮೆಣಸಿನಕಾಯಿ ತೂಗುವುದು.

ಫೀ ಜೊತೆಗೆ ಹಾವೇರಿಯಲ್ಲಿ ಹಾಸ್ಟೆಲೂ ಸಿಗುತ್ತಿತ್ತು. ಖರೇ ಹೇಳಬೇಕೆಂದರೆ ಪುಂಡಲೀಕನ ಜೀವ ಇದ್ದದ್ದು ಆ ಹಾಸ್ಟೆಲಿನಲ್ಲಿ. ಈ ಓಣಿಯಲ್ಲಿ ಪುಸ್ತಕ ತೆರೆದರೆ ಸಾಕು, ಎದುರುಮನೆಯ ದರ್ಜಿ ಭರಮಣ್ಣ ಹೊಲಿಗೆ ನಿಲ್ಲಿಸಿ ಕಿಟಕಿಯಲ್ಲಿ ಮುಖ ತೂರಿಸಿ, "ಏನ್ ಓದಾಕತ್ತೀ? ಒದರಿ ಓದು, ನಾವೂ ಕೇಳ್ತೀವಿ" ಎನ್ನುತ್ತಿದ್ದ.

ಟ್ರಸ್ಟಿನವರು ಮೊದಲೇ ಹೇಳಿದ್ದರು: ಯಾವತ್ತು ಬರುತ್ತೇವೋ ಹೇಳುವುದಿಲ್ಲ, ನೆರೆಹೊರೆಯನ್ನು ವಿಚಾರಿಸುತ್ತೇವೆ, ಯಾರಿಗೂ ಮುಂಚೆ ಹೇಳಿಕೊಡಬೇಡಿ. ಪುಂಡಲೀಕ ಮಾತು ಪಾಲಿಸುವ ಹುಡುಗ. ಯಾರಿಗೂ ಹೇಳಲಿಲ್ಲ. ಅದಕ್ಕೇ ಈಗ ಭರಮಣ್ಣನ ಫೋನು ಬಂತು.

"ಪುಂಡ್ಯಾ, ಎಲ್ಲಿದ್ದೀಲೇ? ಲಗೂನ ಬಾ! ಹೆಣ್ಣಿನ ಕಡೆಯವ್ರು ಬಂದಾರ. ಕಾರ್ ತಗೊಂಡು ಬಂದಾರ!"

"ಯಾವ ಹೆಣ್ಣು ಕಾಕಾ?"

"ಅದನ್ನ ನಾ ನಿನ್ನ ಕೇಳಬೇಕು! ರಾಣೇಬೆನ್ನೂರಿನ್ಯಾಗ ಯಾರನ್ನ ನೋಡಿ ಇಟ್ಟೀಯೋ ಏನೋ. ಯಜಮಾನ್ರ ಹೆಸರು ಪ್ರಭಾಕರರಾಯರು ಅಂತ."

ಪ್ರಭಾಕರರಾಯರು ಟ್ರಸ್ಟಿನ ಅಧ್ಯಕ್ಷರು. ಪುಂಡಲೀಕ ಪುಸ್ತಕ ಮುಚ್ಚಿ ಎದ್ದ.

"ಅವರ ಮುಂದ ಏನೇನ್ ಹೇಳೀದಿ ಕಾಕಾ?"

"ನೀ ಏನೂ ಚಿಂತಿ ಮಾಡಬ್ಯಾಡ. ಎಲ್ಲಾ ಚಲೋನ ಹೇಳೇನಿ. ಎರಡಂತಸ್ತಿನ ಮನಿ, ಮೇಡ್ಲೇರಿ ಊರಾಗ ನೀರಾವರಿ ಹೊಲ..."

ಈ ಓಣಿಯದೊಂದು ಪದ್ಧತಿ. ಓಣಿಯ ಹುಡುಗನನ್ನು ನೋಡಲು ಬೀಗರು ಬಂದರೆ, ಅವರು ಹೋಗುವ ತನಕ ಓಣಿಯಲ್ಲಿರುವ ಒಳ್ಳೆಯದೆಲ್ಲ ಆ ಹುಡುಗನದೇ. ಇದೇ ಓಣಿಯ ಗುಡ್ಡಪ್ಪನಿಗೆ ಹೆಣ್ಣು ನೋಡುವಾಗ ಭರಮಣ್ಣ ಯಾರದೋ ಬಾಳೆತೋಟ ತೋರಿಸಿದ್ದ. ಗುಡ್ಡಪ್ಪನಿಗೆ ಮೂರು ಮಕ್ಕಳಾದವು. ಅವನ ಹೆಂಡತಿ ಈಗಲೂ ಆ ತೋಟದ ಮುಂದೆ ಹಾದಾಗಲೆಲ್ಲ, "ನಮ್ಮ ತ್ವಾಟಾ ಯಾರೋ ನುಂಗಿದ್ರವ್ವಾ" ಎಂದು ನಿಟ್ಟುಸಿರು ಬಿಡುತ್ತಾಳೆ.

ಪುಂಡಲೀಕ ಓಡಿಬಂದು ಬಸ್ಸು ಹತ್ತಿದ. ಸೀಟು ಸಿಗುವಷ್ಟರಲ್ಲಿ ಗುಡ್ಡಪ್ಪನ ಫೋನು: "ತಮ್ಮಾ, ನನ್ನ ಟ್ರ್ಯಾಕ್ಟರ್ ನಿಮ್ಮ ಬಾಗಿಲಿಗೆ ನಿಲ್ಲಿಸೇನಿ. ನಿಂದ ಅಂತ ಹೇಳೇನಿ. ಚಾವಿ ನಿಮ್ಮವ್ವನ ಕೈಯಾಗೈತಿ."

ಎದೆ ಹೊಡೆದುಕೊಂಡಾಗ ಕಣ್ಣು ಮುಚ್ಚಿ ದೀರ್ಘ ಉಸಿರು ಎಳೆಯಬೇಕೆಂದು ಕ್ಲಾಸಿನಲ್ಲಿ ಕಲಿಸಿದ್ದರು. ಪುಂಡಲೀಕ ಎಳೆದ. ಕಂಡಕ್ಟರ್ ಗಾಬರಿಯಾಗಿ, "ಏ ತಮ್ಮಾ, ಕಿಟಕಿ ಕಡೆ ಮುಖಾ ಮಾಡು! ಬಸ್ಸಿನ್ಯಾಗ ವಾಂತಿ ಮಾಡಿಗೀಡೀ" ಎಂದ.

ಓಣಿಗೆ ಬಂದು ನೋಡಿದರೆ ಟ್ರ್ಯಾಕ್ಟರು ಹಾಲೇಶಪ್ಪನ ಎರಡಂತಸ್ತಿನ ಮನೆಯ ಮುಂದೆ ನಿಂತಿತ್ತು. ಹಾಲೇಶಪ್ಪ ಮಾರುಕಟ್ಟೆಗೆ ಹೋಗಿದ್ದ. ಅವನ ಹೆಂಡತಿ ಓಣಿಯ ಹುಡುಗನ ಮದುವೆ ಎಂದ ಕೂಡಲೇ ಮನೆಯನ್ನೇ ಬಿಟ್ಟುಕೊಟ್ಟು ಒಳಗೆ ಉಪ್ಪಿಟ್ಟು ತಿರುವುತ್ತಿದ್ದಳು. ಪಡಸಾಲೆಯ ಸೋಫಾದಲ್ಲಿ ಫಕ್ಕೀರವ್ವ ಕೂತಿದ್ದಳು. ಮೈಮೇಲೆ ಯಾರದೋ ಇಳಕಲ್ ಸೀರೆ, ಕೊರಳಲ್ಲಿ ಗುಡ್ಡಪ್ಪನ ಹೆಂಡತಿಯ ಸರ. ಟಿಕೀಟಿಲ್ಲದೆ ಬಸ್ಸಿನಲ್ಲಿ ಕೂತವರ ಹಾಗೆ ತುದಿಯಲ್ಲಿ ಕೂತಿದ್ದಳು. "ಬಾಯಿ ಬಿಡಬ್ಯಾಡ ಯಕ್ಕಾ, ನಾವು ನೋಡ್ಕೋತೀವಿ" ಎಂದು ಭರಮಣ್ಣ ಹೇಳಿದ್ದನಂತೆ. ಎದುರಿಗೆ ಪ್ರಭಾಕರರಾಯರು ಮತ್ತು ಅವರ ಹೆಂಡತಿ ಪ್ರಿಯಂವದಾ.

"ಸರ್," ಎಂದ ಪುಂಡಲೀಕ ಏದುಸಿರು ಬಿಡುತ್ತ, "ಈ ಮನಿ ನಂದಲ್ರಿ."

ಭರಮಣ್ಣ ಚಪ್ಪಾಳೆ ತಟ್ಟಿದ. "ನೋಡ್ರಿ, ಹುಡುಗನ ಗುಣಾ ನೋಡ್ರಿ! ಎಲ್ಲಾ ಅವ್ವಂದು ಅಂತಾನ. ನಂದು ಅನ್ನೂದ ಇಲ್ಲ."

"ಟ್ರ್ಯಾಕ್ಟರೂ ನಂದಲ್ರಿ!"

"ಓಣೀಗೇ ಬಿಟ್ಟಾನ್ರಿ ಅದನ್ನ. ಯಾರು ಕೇಳಿದ್ರೂ ಇಲ್ಲ ಅನ್ನಂಗಿಲ್ಲ."

ಪುಂಡಲೀಕನಿಗೆ ಅಳುವೇ ಬಂತು. "ಬರ್ರಿ ಸರ್, ನನ್ನ ಮನಿ ತೋರಸ್ತೀನಿ" ಎಂದು ಅವರನ್ನು ಕರಕೊಂಡು ನಾಲ್ಕು ಹೆಜ್ಜೆ ಆಚೆಗಿನ ತಗಡಿನ ಕೋಣೆಗೆ ಹೋದ. "ಅದು ಅವರ ಗೋದಾಮ್ರಿ" ಎಂದು ಭರಮಣ್ಣ ಹಿಂದಿನಿಂದ ಕೂಗಿದ. ಪುಂಡಲೀಕ ಬಾಗಿಲು ನೂಕಿದ. ಖರೇನೇ ಗೋದಾಮಾಗಿತ್ತು! ಹಾಲೇಶಪ್ಪನ ಪಡಸಾಲೆ ಚಂದ ಕಾಣಲೆಂದು ಅಲ್ಲಿದ್ದ ಮೆಣಸಿನಕಾಯಿ ಚೀಲಗಳನ್ನೆಲ್ಲ ತಂದು ಇಲ್ಲಿ ಸೂರಿನ ತನಕ ಒಟ್ಟಿದ್ದರು. ಅವನ ಮಂಚ, ಪುಸ್ತಕ, ಅವ್ವನ ಒಲೆ ಎಲ್ಲ ಅವುಗಳ ಅಡಿಯಲ್ಲಿದ್ದವು.

ಬ್ಯಾಡಗಿ ಕಾಯಿಗೆ ಬಣ್ಣ ಹೆಚ್ಚು, ಖಾರ ಕಡಿಮೆ ಎಂದು ಲೋಕವೆಲ್ಲ ಹೇಳುತ್ತದೆ. ಆ ಲೋಕ ಒಮ್ಮೆ ಬಂದು ಈ ಕೋಣೆಯಲ್ಲಿ ನಿಲ್ಲಬೇಕು. ರಾಯರು ಸೀನಿದರು, ಪ್ರಿಯಂವದಾ ಸೀನಿದರು, ಪುಂಡಲೀಕ ವಿವರಿಸಲು ಬಾಯಿ ತೆರೆದಾಗಲೆಲ್ಲ ಸೀನಿದ. ಕೊನೆಗೆ ಮೂವರೂ ಕಣ್ಣೀರು ಸುರಿಸುತ್ತ ಹಾಲೇಶಪ್ಪನ ಮನೆಗೇ ವಾಪಸು ಬಂದು ಮುಖ ತೊಳೆದುಕೊಂಡರು.

ಕನ್ನಡಕ ಒರೆಸಿ ಹಾಕಿಕೊಂಡ ರಾಯರಿಗೆ ಗೋಡೆಯ ಮೇಲೊಂದು ದೊಡ್ಡ ಫೋಟೋ ಕಂಡಿತು. ವರ್ತಕರ ಸಂಘದವರು ಸನ್ಮಾನ ಮಾಡಿದಾಗ ಹಾಕಿದ ಗಂಧದ ಹಾರವನ್ನು ಹಾಲೇಶಪ್ಪ ತನ್ನ ಫೋಟೋಕ್ಕೇ ಹಾಕಿಕೊಂಡಿದ್ದ.

"ಇವರು ಯಾರು?"

ಭರಮಣ್ಣ ತಡವರಿಸಲಿಲ್ಲ. "ಪುಂಡಲೀಕನ ದೊಡ್ಡಪ್ಪ ರೀ. ದೇವರಂಥಾ ಮನಷ್ಯಾ. ಹೋಗಿ ವರ್ಷ ಆತು. ಹೋಗೂವಾಗ ಎಲ್ಲಾ ಇವನ ಹೆಸರಿಗೆ ಮಾಡಿ ಹೋದ್ರು."

"ಯಾರಲೇ ಹೋದಾಂವ?" ಎಂಬ ಗುಡುಗು ಬಾಗಿಲಲ್ಲಿ ಕೇಳಿತು.

ಹಾಲೇಶಪ್ಪ ನಿಂತಿದ್ದ. ಪ್ರಿಯಂವದಾ ಒಮ್ಮೆ ಫೋಟೋ ನೋಡಿದರು, ಒಮ್ಮೆ ಬಾಗಿಲು ನೋಡಿದರು; ಉಪ್ಪಿಟ್ಟಿನ ಚಮಚ ಕೈಯಿಂದ ಬಿತ್ತು. ಸತ್ತು ಎದ್ದುಬಂದ ಹಾಲೇಶಪ್ಪ ಮೊದಲು ಕೇಳಿದ್ದು, "ನನ್ನ ಮೆಣಸಿನಕಾಯಿ ಎಲ್ಲಿ?" ಎಂದು.

ಪ್ರಭಾಕರರಾಯರು ಎದ್ದು ನಿಂತರು. "ಪುಂಡಲೀಕ, ನಾವು ಬಂದಿದ್ದು ನಿನಗ ವಿದ್ಯಾರ್ಥಿವೇತನ ಕೊಡಬೇಕೋ ಬ್ಯಾಡೋ ನೋಡ್ಲಿಕ್ಕೆ. ಅದು ಬಡವರಿಗೆ ಇಟ್ಟದ್ದು, ನಾಟಕ ಆಡೋರಿಗಲ್ಲ."

"ಅಂದ್ರ... ಹೆಣ್ಣಿಲ್ಲೇನ್ರಿ?" ಎಂದ ಭರಮಣ್ಣ ಸಣ್ಣ ದನಿಯಲ್ಲಿ.

ಆಗ ಫಕ್ಕೀರವ್ವ ಎದ್ದಳು. ಸರ ಬಿಚ್ಚಿ ಗುಡ್ಡಪ್ಪನ ಹೆಂಡತಿಯ ಕೈಗಿಟ್ಟಳು. ಕೆಂಪು ಹತ್ತಿ ಒಡೆದ ಎರಡೂ ಅಂಗೈಗಳನ್ನು ರಾಯರ ಮುಂದೆ ಹಿಡಿದಳು.

"ನಾ ಕಾಯಿ ತುಂಬು ಬಿಡಸಾಕಿ ರೀ ಯಪ್ಪಾ. ಮಗಗ ಒಂದು ಹೆಣ್ಣು ಸಿಗತೈತಿ ಅಂತ ಆಸೆಬಿದ್ದು ಸುಮ್ನ ಕುಂತೆ. ತಪ್ಪು ನಂದು. ಅಂವ ಬಂದ ಕೂಡಲೇ ಖರೇ ಹೇಳಿದ್ನಲ್ರಿ, ನೀವೂ ಕೇಳೀರಿ. ಅವನ ಓದು ಬಿಡಸಬ್ಯಾಡ್ರಿ."

ಪ್ರಿಯಂವದಾ ಆ ಕೈಗಳನ್ನು ಹಿಡಿದುಕೊಂಡರು. ಓಣಿಗೆ ಅಷ್ಟೇ ಸಾಕಾಯಿತು.

"ಇವನಷ್ಟು ಬಡವ ಈ ಜಿಲ್ಲಾದಾಗ ಸಿಗೂದಿಲ್ರಿ!" ಎಂದು ಭರಮಣ್ಣ ಶುರುಮಾಡಿದ. "ಮೈಮ್ಯಾಲಿನ ಆ ಅಂಗಿ ಐತೆಲ್ರಿ, ನಾನ ತ್ಯಾಪಿ ಹಚ್ಚಿ ಹಚ್ಚಿ ಈಗ ಅಂಗೀನ ಇಲ್ಲ, ಬರೇ ತ್ಯಾಪಿ ಉಳದೈತಿ!"

"ಮಳಿ ಬಂದ್ರ ಮನೀ ಒಳಗ ಹೆಚ್ಚು ಬರತೈತ್ರಿ," ಎಂದ ಗುಡ್ಡಪ್ಪ. "ಊಟಕ್ಕೂ ಇಲ್ರಿ."

"ಊಟಕ್ಕೈತಿ!" ಎಂದು ಫಕ್ಕೀರವ್ವ ಸಿಟ್ಟಿನಿಂದ ಒದರಿದಳು.

ಅಲ್ಲಿಯ ತನಕ ಬಿಗಿದುಕೊಂಡಿದ್ದ ರಾಯರು ನಕ್ಕೇಬಿಟ್ಟರು. ನಕ್ಕು ನಕ್ಕು ಮತ್ತೆ ಕನ್ನಡಕ ಒರೆಸಿದರು. "ಸಾಕು, ಸಾಕು. ಎರಡನೇ ವರ್ಷದ ಫೀ ಟ್ರಸ್ಟು ಕಟ್ತದ. ಓದಪಾ ನೀ" ಎಂದರು.

ಅಬ್ಬಾ! ಪುಂಡಲೀಕನ ಎದೆಯ ಮೇಲಿನ ಚೀಲಗಳೆಲ್ಲ ಒಟ್ಟಿಗೆ ಇಳಿದ ಹಾಗಾಯಿತು. ಅವನು ನಿಂತಲ್ಲೇ ನೆಲಕ್ಕೆ ಕೂತ. ಫಕ್ಕೀರವ್ವ ಸೆರಗಿನಿಂದ ಕಣ್ಣೊರೆಸಿಕೊಂಡಳು, ಸೀರೆ ಮಂದಿಯದು ಎಂದು ನೆನಪಾಗಿ ಗಡಬಡಿಸಿ ಬಿಟ್ಟಳು. ಹಾಲೇಶಪ್ಪನೂ ಮೆತ್ತಗಾಗಿ, "ಇದ್ದ ಉಪ್ಪಿಟ್ಟು ನನಗೂ ಒಂದೀಟು ತರ್ರಿ" ಎಂದ.

ರಾಯರು ಕಾರಿನ ಹತ್ತಿರ ಹೋದಾಗ ಪುಂಡಲೀಕ ಹಿಂದೆಯೇ ಹೋಗಿ ಮೆಲ್ಲಗೆ ಕೇಳಿದ. "ಸರ್, ಹಾಸ್ಟೆಲು?"

"ಹಾಂ, ಅದು. ನಮ್ಮ ದುಡ್ಡಿನ್ಯಾಗ ಓದೋರು ದಿನಾ ಸಂಜೀಕೆ ಪುಕ್ಕಟೆ ಮಂದೀ ಕಷ್ಟಾ ಕೇಳಬೇಕು ಅಂತ ನಿಯಮ ಅದ. ಎಲ್ಲಿ ಅದರ ಅಗತ್ಯ, ಗರಜು ಹೆಚ್ಚು ಅದನೋ ಅಲ್ಲೇ ಉಳೀಬೇಕು. ನಿನ್ನ ಹಾವೇರಿ ಹಾಸ್ಟೆಲಿಗೆ ಹಾಕಬೇಕಂತ ಬರುವಾಗ ಮಾತಾಡಿಕೊಂಡಿದ್ವಿ." ರಾಯರು ತಿರುಗಿ ನೋಡಿದರು. ಗುಡ್ಡಪ್ಪನ ಹೆಂಡತಿ ಪ್ರಿಯಂವದಾರ ಮುಂದೆ ಬಾಳೆತೋಟದ ಗೋಳು ತೆಗೆದಿದ್ದಳು. ತೆರೆದ ಬಾಗಿಲ ಒಳಗೆ ಹಾಲೇಶಪ್ಪ ತನ್ನ ಫೋಟೋದ ಮುಂದೆ ನಿಂತು ನಾಡಿ ಹಿಡಿದು ನೋಡಿಕೊಳ್ಳುತ್ತಿದ್ದ. "ಆದ್ರ ಈಗ ನಾನ ಕಣ್ಣಾರೆ ನೋಡೇನಲ್ಲಾ. ಇಷ್ಟು ಗರಜು ಮತ್ತ ಎಲ್ಲೂ ಇಲ್ಲ. ಓದು ಮುಗಿಯೋ ತನಕ ನೀ ಈ ಓಣಿ ಬಿಡಬ್ಯಾಡ."

ಕಾರು ಹೋಯಿತು.

ಸಂಜೆ ಚೀಲಗಳನ್ನು ಹೊರಗೆ ಹಾಕಿ, ಕೋಣೆ ಗುಡಿಸಿ, ಪುಂಡಲೀಕ ಎರಡು ಕುರ್ಚಿ ಎದುರುಬದರು ಇಟ್ಟ. ಏನಾದರಾಗಲಿ, ಓದು ಉಳಿಯಿತಲ್ಲ ಎಂದು ಸಮಾಧಾನ ಮಾಡಿಕೊಂಡ. ಅಷ್ಟರಲ್ಲಿ ಬಾಗಿಲ ಹೊರಗೆ ಓಣಿಯ ಮಂದಿ ಸಾಲುಗಟ್ಟಿ ಪಾಳಿ ಹತ್ತಿತ್ತು. ಎಲ್ಲರಿಗಿಂತ ಮುಂದೆ ಭರಮಣ್ಣ. ಅವನು ಬಂದು ಕೂತು, ಉದ್ದಕ್ಕೆ ಉಸಿರು ಬಿಟ್ಟ.

"ಹೇಳು ಕಾಕಾ, ಕೇಳಾಕತ್ತೇನಿ" ಎಂದ ಪುಂಡಲೀಕ, ಕ್ಲಾಸಿನಲ್ಲಿ ಕಲಿಸಿದಂತೆ ಕತ್ತು ತುಸು ವಾಲಿಸಿ.

"ಮನಸಿಗೆ ಸಮಾಧಾನನ ಇಲ್ಲೋ ತಮ್ಮಾ. ಊಟಾ ಸೇರವಲ್ದು. ಇವತ್ತು ನಿದ್ದೀನೂ ಬರಾಂಗಿಲ್ಲ."

"ಯಾಕ ಕಾಕಾ, ಏನ್ ಚಿಂತಿ?"

"ನಿನ್ನ ಮದವೀದೋ! ಕಾರಿನ್ಯಾಗ ಬಂದವ್ರು ಹಂಗ ಹೋಗಿಬಿಟ್ರಲ್ಲ," ಎಂದು ಭರಮಣ್ಣ ಕುರ್ಚಿ ಹತ್ತಿರ ಎಳೆದುಕೊಂಡ. "ಆ ಯವ್ವಗೊಬ್ಬಾಕಿ ಮಗಳದಾಳಂತ, ನಾ ಕೇಳೇನಿ. ನಾಳೆ ಫೋನ್ ಮಾಡಿ, ಮನಿ ಮೂರಂತಸ್ತಿಂದು ಅಂತ ಹೇಳ್ಲೇನು?"