ತಲೆಗೊಂದು ಪೇಟೆ

ನಾನು ಹೆಚ್ಚು ಮಾತನಾಡುವವನಲ್ಲ. ಇಂಥವೆಲ್ಲ ನನ್ನ ಪಾಲಿಗೇ ಮತ್ತೆ ಮತ್ತೆ ಬರುವುದು ಬಹುಶಃ ಅದಕ್ಕೇ. ಬೇಡ ಎನ್ನಬೇಕಾದ ಹೊತ್ತಿನಲ್ಲಿ ಸುಮ್ಮನಿರುತ್ತೇನೆ. ನಮ್ಮ ಕಡೆ ಸುಮ್ಮನಿದ್ದವನನ್ನು ಹೊರಟು ನಿಂತವನೆಂದೇ ತಿಳಿಯುತ್ತಾರೆ.

ಕೊಳ್ಳೇಗಾಲ ಕೊಯಮತ್ತೂರು ಜಿಲ್ಲೆ ಬಿಟ್ಟು ಮೈಸೂರಿಗೆ ಸೇರಿದ ಮಾರನೆಯ ವರ್ಷದ ಮಾತು. ಊರು ಇದ್ದಲ್ಲೇ ಇತ್ತು. ಹೊಳೆ, ಮಗ್ಗ, ನನ್ನ ಕಚೇರಿಯ ಸೋರುವ ಹೆಂಚು, ಎಲ್ಲವೂ ಇದ್ದಲ್ಲೇ ಇದ್ದವು. ರಾಜಧಾನಿ ಮಾತ್ರ ನಮಗೆ ಒಂದು ಕಾಗದವನ್ನೂ ಬರೆಯದೆ ಮದರಾಸಿನಿಂದ ಬೆಂಗಳೂರಿಗೆ ಹೋಗಿಬಿಟ್ಟಿತ್ತು. ಹೋಗಿ ಹೇಗಿದೆ, ಸುಖವಾಗಿದೆಯೇ ಎಂದು ನೋಡಿಬರಲು ನಾಲ್ಕು ಜನ ಹೊರಟೆವು.

೧. ಸಡಿಲ ಯೋಜನೆ

ಗುಂಪಿಗೆ ಹಿರಿಯರು ಅಗರದ ಯಜಮಾನರು. ಗದ್ದೆ ತೋಟ ಇದ್ದವರು; ಅದಕ್ಕಿಂತ ಮುಖ್ಯವಾಗಿ, ಎತ್ತಿನ ಪರೀಕ್ಷೆಯಲ್ಲಿ ಸುತ್ತಲಿನ ಊರುಗಳಿಗೆಲ್ಲ ಅವರದೇ ಕೊನೆಯ ಮಾತು. ಅವರ ಊರು ಸೇರಿದ ಯಳಂದೂರು ಮೊದಲಿನಿಂದಲೂ ಮೈಸೂರು ಸೀಮೆ. ಹಾಗಾಗಿ ಕೊಳ್ಳೇಗಾಲದವರನ್ನು ನಿನ್ನೆ ಬಂದಿಳಿದ ನೆಂಟರಂತೆ ಕಾಣುತ್ತಿದ್ದರು. "ಬೆಂಗ್ಳೂರು ನಿಮ್ಗೆ ಒಸದು ಕಣ್ರಿ, ನಮ್ಗೆ ಅಂಗಲ್ಲ" ಎನ್ನುವರು. ಬೆಂಗಳೂರನ್ನು ಅವರೂ ನೋಡಿರಲಿಲ್ಲ.

ಎರಡನೆಯವರು ಕೊಳ್ಳೇಗಾಲದ ರೇಷ್ಮೆ ಸಾಹುಕಾರರು. ಬೆಂಗಳೂರಿಗೆ ಎರಡು ಸಲ ಹೋಗಿಬಂದಿದ್ದರಿಂದ ಆ ಊರಿನ ಬಗ್ಗೆ ಯಾರೂ ಬಾಯಿ ಬಿಡದಂತೆ ನೋಡಿಕೊಳ್ಳುತ್ತಿದ್ದರು. ಮೂರನೆಯವನು ಯಜಮಾನರಿಗೆ ಬೇಕಾದವನು, ಲೊಕ್ಕನಹಳ್ಳಿಯ ರೈತ. ಹೊಲಕ್ಕೆ ನುಗ್ಗಿದ ಆನೆಯನ್ನು ತಮಟೆ ಬಡಿದು ಓಡಿಸುವ ಧೈರ್ಯವಂತ. ಬಸ್ಸಿನ ಹಾರನ್ನಿಗೆ ಬೆಚ್ಚಿಬೀಳುತ್ತಿದ್ದ. ನಾಲ್ಕನೆಯವನು ನಾನು, ಕಚೇರಿ ಗುಮಾಸ್ತ.

ಯೋಜನೆ ಸಾಹುಕಾರರದು. "ಕಟ್ಟುಪಾಡು ಏನೂ ಬೇಡ. ಎರಡು ದಿನ. ತಲೆಗೊಂದು ಪೇಟೆ. ಯಾವುದು ಮೊದಲು, ಯಾವುದು ಆಮೇಲೆ ಅಂತ ಬೆಳಗ್ಗೆ ಎದ್ದು ತೀರ್ಮಾನ ಮಾಡಿದ್ರಾಯ್ತು. ಸಡಿಲವಾಗಿರ್ಬೇಕು, ಸಡಿಲವಾಗಿ!"

ಯಜಮಾನರು ದೊಡ್ಡ ಬಸವಣ್ಣನಿಗಾಗಿ ಬಸವನಗುಡಿ ಕೇಳಿದರು. ಸಾಹುಕಾರರು ಚಿಕ್ಕಪೇಟೆ. ಲೊಕ್ಕನಹಳ್ಳಿಯವನಿಗೆ ಮಲ್ಲೇಶ್ವರ, ಅಲ್ಲಿ ಅವನ ಷಡ್ಡಕ ಇದ್ದ. ನಾನು ದೊಡ್ಡಪೇಟೆ ಎಂದೆ, ಈಗ ಅವೆನ್ಯೂ ರಸ್ತೆ ಎನ್ನುತ್ತಾರಲ್ಲ, ಅದು. ಅಲ್ಲಿ ಹಳೆಯ ಪುಸ್ತಕಗಳನ್ನು ರಸ್ತೆಬದಿಯಲ್ಲಿ ಹರಡಿಕೊಂಡು ಮಾರುತ್ತಾರೆ ಎಂದು ಕೇಳಿದ್ದೆ.

ಕಾರಣ ಹೇಳಿಬಿಡುತ್ತೇನೆ. ಹನ್ನೊಂದು ವರ್ಷದ ಹಿಂದೆ, ವರ್ಗವಾಗಿ ಹೋದ ಅಧಿಕಾರಿಯೊಬ್ಬರ ಸಾಮಾನು ಹರಾಜಿನಲ್ಲಿ ನನಗೊಂದು ಇಂಗ್ಲಿಷ್ ಕಾದಂಬರಿ ಸಿಕ್ಕಿತ್ತು. ಎರಡು ಸಂಪುಟದ್ದು, ಸಿಕ್ಕಿದ್ದು ಮೊದಲನೆಯದು ಮಾತ್ರ. ಮುದುಕ ಜಮೀನ್ದಾರ ಸತ್ತಿದ್ದಾನೆ, ಮಕ್ಕಳೆಲ್ಲ ಕೂತಿದ್ದಾರೆ, ವಕೀಲ ಉಯಿಲಿನ ಲಕೋಟೆಯ ಅರಗು ಒಡೆಯುತ್ತಾನೆ. ಅಲ್ಲಿಗೆ ಸಂಪುಟ ಮುಗಿಯುತ್ತದೆ. ಹನ್ನೊಂದು ವರ್ಷದಿಂದ ಆ ವಕೀಲ ಹಾಗೇ ಲಕೋಟೆ ಹಿಡಿದು ನಿಂತಿದ್ದಾನೆ. ಕಾದಂಬರಿಯ ಹೆಸರು ಹೇಳುವುದಿಲ್ಲ. ಹೇಳಿದರೆ ಓದಿದ ಪುಣ್ಯಾತ್ಮರು ಯಾರಾದರೂ ಬಂದು ಕೊನೆ ಹೇಳಿಬಿಡುತ್ತಾರೆ.

"ಪುಸ್ತಕ ತಾನೆ? ಅದೆಲ್ಲಿಗೆ ಓಡಿಹೋಗುತ್ತೆ? ನಿಮ್ಮದು ಕೊನೇಗೆ" ಎಂದರು ಸಾಹುಕಾರರು. ಇಡೀ ಸಡಿಲ ಯೋಜನೆಯಲ್ಲಿ ಗಟ್ಟಿಯಾಗಿ ತೀರ್ಮಾನವಾದದ್ದು ಅದೊಂದೇ.

೨. ನಿಮ್ಮಿಷ್ಟ

ಬೆಂಗಳೂರಿನ ಛತ್ರವೊಂದರಲ್ಲಿ ಮೊದಲ ದಿನ ಬೆಳಗ್ಗೆ ಸ್ನಾನ ಮುಗಿಸಿ, ಹಣೆಗೆ ವಿಭೂತಿ ಇಟ್ಟು, ಆರೂವರೆಗೆಲ್ಲ ತೀರ್ಮಾನಕ್ಕೆ ಕೂತೆವು.

"ಎಲ್ಲಿಗೆ ಹೋಗೋಣ ಯಜಮಾನ್ರೇ?" ಎಂದರು ಸಾಹುಕಾರರು.

"ನೀವು ಏಳ್ದಂಗೆ."

"ಛೆ, ಛೆ, ಹಿರಿಯರು ನೀವು ಹೇಳ್ಬೇಕು."

"ನಂದೇನದೆ? ಈ ಊರು ಕಂಡೋರು ನೀವು. ಏನ್ಲಾ, ನಿಂಗೆಲ್ಲಿಗೆ?"

"ಅಯ್ಯೋ, ನೀವೆಲ್ಲಿಗಂದ್ರೆ ಅಲ್ಲಿಗೆ ಬತ್ತೀನಿ ಯಜಮಾನ್ರೇ" ಎಂದ ಲೊಕ್ಕನಹಳ್ಳಿಯವನು.

ಮೂವರೂ ನನ್ನನ್ನು ನೋಡಿದರು. ದೊಡ್ಡಪೇಟೆ ಛತ್ರದಿಂದ ಕಾಲು ಮೈಲಿ ಇತ್ತು. ಬಾಯಿ ತೆರೆದೆ. ಅಷ್ಟರಲ್ಲಿ ಸಾಹುಕಾರರು, "ಅವರದು ಬಿಡಿ, ಅವರದು ಕೊನೇಗೆ" ಎಂದರು. ಬಾಯಿ ಮುಚ್ಚಿದೆ.

ತನ್ನ ಇಷ್ಟವನ್ನು ತಾನೇ ಮೊದಲು ಹೇಳುವುದು ನಮ್ಮ ಕಡೆ ಮರ್ಯಾದಸ್ಥರ ಲಕ್ಷಣವಲ್ಲ. ಮೂವರು ಮರ್ಯಾದಸ್ಥರು ಎಂಟೂವರೆಯವರೆಗೆ ಕೂತರು. ಕಾಫಿ ತರಿಸಿ ಒಂಬತ್ತೂವರೆಯವರೆಗೆ ಕೂತರು. ಯಾವ ಪೇಟೆಗೂ ಅವಮಾನವಾಗಲಿಲ್ಲ.

ಹತ್ತೂವರೆಗೆ ಛತ್ರದ ಪಾರುಪತ್ಯಗಾರ ಬಂದು, "ಹಗಲು ಹೊತ್ತು ಒಳಗಿರೋಂಗಿಲ್ಲ, ಬೀಗ ಹಾಕ್ಬೇಕು, ಏಳ್ರಿ" ಎಂದ. ಯಜಮಾನರು ಎದ್ದು ಶಾಲು ಕೊಡವಿ, "ನೋಡಿ, ಸಡ್ಲವಾಗಿದ್ರೆ ತಾನೇ ತಾನಾಗಿ ಒಂದು ತೀರ್ಮಾನ ಆಯ್ತದೆ" ಎಂದರು.

೩. ಹಸಿರು ಬಾಗಿಲು

ಬೀದಿಗೆ ಬಂದಾಗ ಎದುರಿಗೆ ನಿಂತಿದ್ದ ಬಸ್ಸು ಮಲ್ಲೇಶ್ವರದ್ದಾಗಿತ್ತು. ಹತ್ತಿದೆವು.

ಇಳಿದ ಮೇಲೆ ವಿಳಾಸ ಕೇಳಿದೆ. "ಮಲ್ಲೇಶ್ವರ, ಅಸುರು ಬಾಗ್ಲು ಮನೆ" ಎಂದ ಲೊಕ್ಕನಹಳ್ಳಿಯವನು.

"ನಂಬರು? ಬೀದಿ?"

"ನಂಬರ್ ಯಾಕೆ ಸಾ? ನಮ್ಮೂರಲ್ಲಿ ಬಸ್ ಇಳ್ದು ನಮ್ಮನೆ ಯಾವ್ದು ಅಂತ ಕೇಳಿ. ಯಾರು ಬೇಕಾರೂ ತೋರುಸ್ತಾರೆ."

ನಾನೊಬ್ಬ ಹಿಂದಕ್ಕೆ ಹೋಗಿ ದೊಡ್ಡಪೇಟೆ ನೋಡಿಕೊಂಡು ಬರಲೇ ಎಂದು, ಅಪರೂಪಕ್ಕೆ ಬಾಯಿ ಬಿಟ್ಟು ಕೇಳಿದೆ. ಯಜಮಾನರು ಹೌಹಾರಿದರು. "ಒಟ್ಗೆ ಬಂದೋರು ಒಟ್ಗೇ ಇರ್ಬೇಕು ಕಣ್ರಿ. ನೀವು ಕಳ್ದೋದ್ರೆ ನಿಮ್ಮನೇಲಿ ನಾನೇನಂತ ಏಳ್ಲಿ?"

ಹೀಗೆ ನಾಲ್ವರು ಗಂಡಸರು ಸಾಲಾಗಿ ಮಲ್ಲೇಶ್ವರದ ಬಾಗಿಲುಗಳ ಬಣ್ಣ ಪರೀಕ್ಷೆ ಮಾಡುತ್ತ ನಡೆದೆವು. ಮೊದಲ ಅಡ್ಡರಸ್ತೆಯಲ್ಲೇ ನೀಲಿ ಬಾಗಿಲ ಮನೆಯ ಮುಂದೆ ಬಾವಿಯಿಂದ ನೀರು ಹೊರುತ್ತಿದ್ದ ಕೆಲಸದಾಕೆಯನ್ನು ಕೇಳಿದೆವು. "ಈ ಬೀದೀಲಿ ಹಸಿರು ಬಾಗಿಲು ಯಾವುದೂ ಇಲ್ಲ" ಎಂದಳು. ಆಮೇಲೆ ಏಳು ಹಸಿರು ಬಾಗಿಲು ತಟ್ಟಿದೆವು. ಒಂದು ಮನೆಯವರು ನಮ್ಮನ್ನು ಹೆಣ್ಣು ನೋಡಲು ಬಂದವರೆಂದು ತಿಳಿದು ಚಾಪೆ ಹಾಸಿ ಉಪ್ಪಿಟ್ಟು ಕೊಟ್ಟರು. ಯಜಮಾನರು ಬೇಡವೆನ್ನದೆ ತಿಂದು, ಹುಡುಗಿ ಲಕ್ಷಣವಾಗಿದ್ದಾಳೆ ಎಂದು ಹೇಳಿಯೇ ಎದ್ದರು.

ನಾಲ್ಕು ಗಂಟೆಗೆ ಸೋತು ಹಿಂತಿರುಗುವಾಗ ಆ ನೀಲಿ ಬಾಗಿಲಿನ ಮನೆಯ ಜಗಲಿಯ ಮೇಲೆ ಷಡ್ಡಕ ಕೂತು ಪೇಪರು ಓದುತ್ತಿದ್ದ. "ಬಣ್ಣ ಹೊಡೆಸಿ ಎಂಟು ದಿನ ಆಯ್ತು" ಎಂದ. ಕೆಲಸದಾಕೆ ಸೇರಿ ನಾಲ್ಕು ದಿನವಾಗಿತ್ತಂತೆ.

ಲೊಕ್ಕನಹಳ್ಳಿಯವನಿಗೆ ಕೆಟ್ಟ ಸಿಟ್ಟು ಬಂತು. "ಬಾಗ್ಲು ಬಣ್ಣ ಬದ್ಲಾಯ್ಸೋನು ನಂಟ್ರಿಗೆ ಒಂದು ಕಾಗ್ದ ಬರ್ಯಾದು ಬ್ಯಾಡ್ವಾ?" ಎಂದು ಕೂಗಾಡಿದ. ರಾಜಧಾನಿಯನ್ನೇ ಒಂದು ಕಾಗದ ಬರೆಯದೆ ಬದಲಾಯಿಸಿದ ಕಾಲದಲ್ಲಿ ಅವನ ನಿರೀಕ್ಷೆ ಹೆಚ್ಚೆನಿಸಿತು.

೪. ಒಂಟಿ ಬಸವಣ್ಣ

ಎರಡನೆಯ ದಿನ ಬಸವನಗುಡಿ. ಬಸವಣ್ಣನ ಮುಂದೆ ಯಜಮಾನರು ಉದ್ದಕ್ಕೆ ಅಡ್ಡಬಿದ್ದರು. ಕಣ್ಣಲ್ಲಿ ನೀರು ಬಂದಿತ್ತು. ನನಗೂ ಮನಸ್ಸು ತುಂಬಿತು. ಇಷ್ಟರಲ್ಲಿ ಮುಗಿದರೆ ಹತ್ತು ಗಂಟೆಗೆ ಚಿಕ್ಕಪೇಟೆ, ಹನ್ನೊಂದಕ್ಕೆ ದೊಡ್ಡಪೇಟೆ ಎಂದುಕೊಂಡೆ.

ಭಕ್ತಿ ಮುಗಿದ ಮೇಲೆ ವೃತ್ತಿ ಶುರುವಾಯಿತು. ಯಜಮಾನರು ಬಸವಣ್ಣನ ಸುತ್ತ ಬಂದರು. ಕತ್ತು ನೋಡಿದರು, ಬೆನ್ನ ಮೇಲಿನ ಹಿಣಿಲು ನೋಡಿದರು. ಅರ್ಚಕರು ಪ್ರದಕ್ಷಿಣೆ ಎಂದುಕೊಂಡು ಸುಮ್ಮನಿದ್ದರು. ನಾಲ್ಕನೆಯ ಸುತ್ತಿಗೆ ಬಗ್ಗಿ ಮೈಮೇಲೆ ಸುಳಿ ಹುಡುಕತೊಡಗಿದಾಗ, "ಏನು ಬೇಕು ಸ್ವಾಮಿ?" ಎಂದು ಕೇಳಿದರು.

"ಏನಿಲ್ಲ ಸ್ವಾಮಿ, ಬೋ ಚೆನ್ನಾಗವ್ನೆ. ಒಂದು ಐಬಿಲ್ಲ" ಎಂದು ಯಜಮಾನರು ನಿಟ್ಟುಸಿರು ಬಿಟ್ಟರು. "ಆದ್ರೆ ಇಷ್ಟು ಮಾಡಿದೋರು ಇದೇ ಬಣ್ಣ ಇದೇ ಎತ್ರುಕ್ಕೆ ಇನ್ನೊಂದು ಮಾಡಿ ಜೋಡಿ ಕಟ್ಬೌದಿತ್ತು. ಒಂಟಿ ಬುಟ್ಬುಟ್ರಲ್ಲ!"

೫. ಅಸಲಿ ಮಾಲು

ಚಿಕ್ಕಪೇಟೆ ಮುಟ್ಟಿದಾಗ ಹನ್ನೊಂದೂವರೆ. ಊರಿಗೆ ಬಸ್ಸು ಮೂರಕ್ಕೆ. ಸಾಹುಕಾರರು ಒಂದು ಸೀರೆ ಅಂಗಡಿಗೆ ಸುಮ್ಮನೆ ಇಣುಕುವೆನೆಂದು ಹೋಗಿ ಗಿರಾಕಿಯಂತೆ ಕೂತರು. ಅಂಗಡಿಯವನು ಒಂದು ಸೀರೆ ಬಿಚ್ಚಿ, "ಅಸಲಿ ಕೊಳ್ಳೇಗಾಲ ಇದು. ನಿಮ್ಮಂಥೋರಿಗೆ ಬೆಲೆ ಗೊತ್ತಾಗಲ್ಲ, ಬೇರೆ ತೋರಿಸ್ತೀನಿ" ಎಂದ.

ಸಾಹುಕಾರರ ಕಿವಿ ಕೆಂಪಾಯಿತು. ನಾನು ಯಾರು ಗೊತ್ತೇ ಎಂದು ಒಂದು ಮಾತು ಹೇಳಿದ್ದರೆ ಐದು ನಿಮಿಷದಲ್ಲಿ ಮುಗಿಯುತ್ತಿತ್ತು. ಹೇಳಲಿಲ್ಲ. ಅಂಗಡಿಯ ಸೀರೆಗಳನ್ನೆಲ್ಲ ಒಂದೊಂದಾಗಿ ಬಿಚ್ಚಿಸಿದರು. ಎರಡೂ ಕಾಲಿಗೆ, ಎಪ್ಪತ್ತೋ ಎಂಬತ್ತೋ ಸೀರೆಯ ಕೆಳಗಿನಿಂದ ತಮ್ಮದೇ ಮಗ್ಗದ ಸೀರೆಯೊಂದನ್ನು ಸೆರಗಿನ ಗಂಟಿನಿಂದ ಗುರುತು ಹಿಡಿದು ಎಳೆದರು. ತಾವು ಮಾರಿದ್ದಕ್ಕಿಂತ ಒಂದೂವರೆ ಪಟ್ಟು ಬೆಲೆ ಕೊಟ್ಟು ಅದನ್ನೇ ಕೊಂಡು ಹೊರಗೆ ಬಂದರು.

"ಹೆಂಗೆ? ನಮ್ಮ ಮಾಲು ನಮಗೇ ಕೈಗೆಟುಕಲ್ಲ!" ಎಂದು ಬಸ್‌ಸ್ಟ್ಯಾಂಡಿನವರೆಗೂ ಹಿಗ್ಗಿದರು.

೬. ಟವಲ್ಲಿನ ಕೆಳಗೆ

ಬಸ್‌ಸ್ಟ್ಯಾಂಡಿನ ದಾರಿ ದೊಡ್ಡಪೇಟೆಯ ಮೇಲೇ ಇದ್ದದ್ದು ನನ್ನ ಪುಣ್ಯ. ಸಾಹುಕಾರರು ಗಡಿಯಾರ ನೋಡಿ, "ಕಾಲು ಗಂಟೆ" ಎಂದು ದಾನ ಮಾಡಿದರು.

ಮೂರನೆಯ ರಾಶಿಯಲ್ಲೇ ಕಣ್ಣಿಗೆ ಬಿತ್ತು. ನನ್ನದು ಕಪ್ಪು ರಟ್ಟು. ಇದು ಬೇರೆ ಮುದ್ರಣ: ಕೆಂಪು ರಟ್ಟು, ಎತ್ತರದಲ್ಲಿ ಅರ್ಧ ಬೆರಳು ಗಿಡ್ಡ. ಆದರೆ ಎರಡನೆಯ ಸಂಪುಟ. ಮೊದಲ ಪುಟ ತೆರೆದೆ. ವಕೀಲ ಲಕೋಟೆ ಹಿಡಿದು ನಿಂತಿದ್ದ.

"ಎಷ್ಟು?" ಎಂದೆ. ಕನ್ನಡಕದ ಮುದುಕ ವ್ಯಾಪಾರಿ, "ಮೂರು ರೂಪಾಯಿ" ಎಂದ.

ಜೇಬಿಗೆ ಕೈ ಹಾಕಿದೆ. ಯಜಮಾನರು ಆ ಕೈ ಹಿಡಿದುಕೊಂಡರು. "ಏನ್ ಸಾ, ಮೊದ್ಲು ಏಳಿದ್ ಬೆಲೇಗೇ ತಕಂತೀರಾ? ಆಸೆ ತೋರುಸ್ಬ್ಯಾಡಿ. ಅತ್ಲಾಗ್ ತಿರುಗ್ಕೊಳಿ. ನಾ ನೋಡ್ಕತೀನಿ."

ಪುಸ್ತಕ ಕೈಗೆ ತೆಗೆದುಕೊಂಡು ಅದರ ಬೆನ್ನು ತಟ್ಟಿದರು. ಎತ್ತಿನ ಬಾಯಿ ಬಿಡಿಸುವಂತೆ ಹಾಳೆ ಬಿಡಿಸಿದರು. "ವಯಸ್ಸಾಗದೆ. ಉಳ ಬಿದ್ದದೆ" ಎಂದರು. ಆಮೇಲೆ ಹೆಗಲ ಟವಲ್ಲನ್ನು ವ್ಯಾಪಾರಿಯ ಕೈಮೇಲೆ ಹಾಕಿ, ನಮ್ಮ ದನದ ಸಂತೆಯ ಪದ್ಧತಿಯಂತೆ, ಅದರ ಕೆಳಗೆ ಅವನ ಎರಡು ಬೆರಳು ಹಿಡಿದು ಒತ್ತಿದರು. ಎರಡು ರೂಪಾಯಿ ಎಂದರ್ಥ.

"ಅಯ್ಯೋ, ಕೈ ಬಿಡ್ರಿ! ಏನ್ರೀ ಮಾಡ್ತಿದೀರಿ?" ಎಂದು ಮುದುಕ ಕಿರುಚಿದ. ಜನ ಸೇರಿದರು.

"ಬ್ಯಾಡಾ ಅಂದ್ರೆ ಬ್ಯಾಡ ಬುಡಪ್ಪ" ಎಂದು ಯಜಮಾನರು ಪುಸ್ತಕವನ್ನು ಎಸೆದು ಗಂಭೀರವಾಗಿ ಹೊರಟೇಬಿಟ್ಟರು. ಒಟ್ಟಿಗೆ ಬಂದವರು ಒಟ್ಟಿಗೇ ಇರಬೇಕಲ್ಲ. ಒಂದು ಕಡೆ ಸಾಹುಕಾರರು, ಇನ್ನೊಂದು ಕಡೆ ಲೊಕ್ಕನಹಳ್ಳಿಯವನು ನನ್ನ ರಟ್ಟೆ ಹಿಡಿದು ಎಳೆದರು. "ತಿರುಗ್ ನೋಡ್ಬ್ಯಾಡಿ ಸಾ. ಅತ್ತೆಜ್ಜೆ ಓಗಾದ್ರೊಳ್ಗೆ ಕರೀತಾನೆ" ಎಂದರು ಯಜಮಾನರು.

ಹತ್ತು ಹೆಜ್ಜೆ ಹೋದೆವು. ಇನ್ನೂರು ಹೋದೆವು. ನಾನು ಓಡಿಹೋಗಿ ಮೂರು ರೂಪಾಯಿ ಕೊಡಬಹುದಿತ್ತು, ನಿಜ. ಕೊಟ್ಟಿದ್ದರೆ ಪೇಟೆಬೀದಿಯಲ್ಲಿ ಹಿರಿಯರ ಮಾತು ಬಿದ್ದುಹೋಗುತ್ತಿತ್ತು. ಬಸ್ಸು ಹೊರಟಿತು. ಮಳವಳ್ಳಿ ದಾಟುವಾಗ ಯಜಮಾನರು ಕಿಟಕಿಯಿಂದ ಹಿಂದಕ್ಕೆ ನೋಡಿ, "ಗಟ್ಟಿ ಆಸಾಮಿ ಕಣ್ರಿ" ಎಂದು ಮೆಚ್ಚಿಕೊಂಡರು.

೭. ಜೋಡಿ

ಇದು ಯಜಮಾನರ ಮನಸ್ಸನ್ನು ಕೊರೆಯುತ್ತಿತ್ತೆಂದು ನನಗೆ ಗೊತ್ತಿರಲಿಲ್ಲ. ಆರು ತಿಂಗಳಾದ ಮೇಲೆ ಒಂದು ಬೆಳಗ್ಗೆ ನಮ್ಮ ಮನೆಗೆ ಬಂದರು. "ಬೆಂಗ್ಳೂರ್ಗೆ ಓಯ್ತಾ ಇವ್ನಿ. ನಿಮ್ತಾವಿರೋ ಪುಸ್ತಕ ಕೊಡಿ ಸಾ, ಜೋಡಿ ಮಾಡ್ಕಂಡ್ ಬತ್ತೀನಿ. ಅವತ್ತು ನನ್ನಿಂದ ತಪ್ಪೋಯ್ತು."

ಎರಡನೆಯ ಸಂಪುಟ ಎಂದು ಒಂದು ಚೀಟಿ ಬರೆದುಕೊಡಲೇ ಎಂದೆ.

"ಎತ್ತು ತರಾಕ್ಕೆ ಚೀಟಿ ಬೇಕಾ? ನಾನೂ ನೋಡಿವ್ನಲ್ಲ" ಎಂದರು. ಒಳಗೆ ಹೋಗಿ ಪುಸ್ತಕ ತಂದುಕೊಟ್ಟೆ. ಕಪ್ಪು ಸಂಪುಟವನ್ನು ಟವಲ್ಲಿನಲ್ಲಿ ಸುತ್ತಿಕೊಂಡು ಹೋದರು.

ನಾಲ್ಕನೆಯ ದಿನ ಬಂದರು. ಗೆದ್ದ ಮುಖ. ಜಗಲಿಯ ಮೇಲೆ ಕೂತು ಟವಲ್ಲು ಬಿಚ್ಚಿದರು.

"ಆ ಮುದ್ಕ ಅದೇ ಕೆಂದ ಪುಸ್ತಕನೇ ಕೊಡಾಕ್ ಬಂದ ಸಾ. ಇದ್ರ ಜೊತೆ ಅದೇ, ಅದೇ ಅಂತ ಒಂದೇ ಸಮ್ನೆ ಒದರ್ದ. ನಾನು ಬುಡ್ತೀನಾ? ಇದು ಕರೀದು, ಅದು ಕೆಂದ. ಇದು ಎತ್ರ, ಅದು ಗಿಡ್ಡ. ಅಂತದ್ನ ತಂದು ನಿಮ್ ಕೊಟ್ಗೇಲಿ ಕಟ್ಟಿದ್ರೆ ನೋಡ್ದೋರು ನಗಾಕಿಲ್ವಾ? ಇಡೀ ಬೀದಿ ಜಾಲಾಡ್ಬುಟ್ಟೆ. ಕೊನೇ ಅಂಗ್ಡೀಲಿ ಸಿಕ್ತು."

ಎರಡು ಪುಸ್ತಕಗಳನ್ನು ಪಕ್ಕಪಕ್ಕದಲ್ಲಿ ನಿಲ್ಲಿಸಿದರು. ಅದೇ ಕಪ್ಪು, ಅದೇ ಎತ್ತರ, ಬೆನ್ನ ಮೇಲೆ ಅದೇ ಚಿನ್ನದ ಗೆರೆ. ನಾನು ಹೊಸದರ ಮೊದಲ ಪುಟ ತೆರೆದೆ. ಜಮೀನ್ದಾರ ಇನ್ನೂ ಬದುಕಿದ್ದ. ಕೊನೆಯ ಪುಟ ತೆರೆದೆ. ವಕೀಲ ಲಕೋಟೆಯ ಅರಗು ಒಡೆಯುತ್ತಿದ್ದ.

"ಒಳ್ಗೂ ತಾಳೆ ನೋಡ್ಸಿವ್ನಿ" ಎಂದರು ಯಜಮಾನರು ಹೆಮ್ಮೆಯಿಂದ. "ಒಂದಕ್ಷರ ಎಚ್ಚುಕಮ್ಮಿ ಇದ್ರೆ ನನ್ನ ಕೇಳಿ."

ಇರಲಿಲ್ಲ.